ಏರ್ ಪ್ಯೂರಿಫೈಯರ್ ಕೆಂಪು ದೀಪ ತೋರಿಸಿದ್ರೆ ಎಲ್ಲಿಂದ ಶುರು ಮಾಡೋದು?

ನಮ್ಮ ಸಿಲಬಸ್‌ನಲ್ಲಿ ಸೆನ್ಸರ್ ಇದೆ, ಮೋಟಾರ್ ಇದೆ, ಮೈಕ್ರೊಕಂಟ್ರೋಲರ್ ಇದೆ, ಆರ್‌ಸಿ ಸರ್ಕ್ಯೂಟ್ ಇದೆ. ಇವೆಲ್ಲ ಒಟ್ಟಿಗೆ ಕೂತಿರೋ ಒಂದು ಡಬ್ಬ ಈಗ ಎಷ್ಟೋ ಮನೆಗಳ ಮೂಲೆಯಲ್ಲಿದೆ: ಏರ್ ಪ್ಯೂರಿಫೈಯರ್. ಅದು ಸರಿಯಾಗಿ ಓಡ್ತಿರುವಾಗ ಯಾರೂ ಅದರ ಕಡೆ ನೋಡಲ್ಲ. ಕೆಂಪು ದೀಪ ಹತ್ತಿದ ದಿನ ಮಾತ್ರ "ಇಂಜಿನಿಯರಿಂಗ್ ಓದ್ತಿದ್ದೀಯಲ್ಲ, ಸ್ವಲ್ಪ ನೋಡು" ಅಂತ ಮನೆಯವರೆಲ್ಲ ನಮ್ಮ ಕಡೆ ತಿರುಗ್ತಾರೆ. ಆ ದಿನ ಏನು ಮಾಡಬೇಕು, ಯಾವ ಕ್ರಮದಲ್ಲಿ ಮಾಡಬೇಕು, ಎಲ್ಲಿ ಕೈ ಬಿಡಬೇಕು ಅನ್ನೋದೇ ಈ ಲೇಖನ.

ಉದಾಹರಣೆಗೆ ನಾವೇ ನೋಡಿದ ಒಂದು ಕೇಸ್ ಇಟ್ಕೊಳ್ಳೋಣ. ನಮ್ಮ ಕ್ಲಾಸಿನ ಗೆಳೆಯನೊಬ್ಬನ ಮನೆ ದಾವಣಗೆರೆಯಲ್ಲಿ. ಅವರ ಅಜ್ಜಿಗೆ ಉಬ್ಬಸ. ಅವರ ರೂಮಿಗೆ ಅಂತಾನೇ ಸುಮಾರು ಒಂಬತ್ತು ಸಾವಿರ ಕೊಟ್ಟು ಪ್ಯೂರಿಫೈಯರ್ ತಗೊಂಡಿದ್ರು. ಮನೆ ಬದಲಾಯಿಸಿದ ಮೇಲೆ ಅದು ಆನ್ ಮಾಡಿದ ಕೂಡಲೇ ಕೆಂಪು ದೀಪ ಮಿಣುಕಿಸಿ ನಿಂತು ಬಿಡ್ತಿತ್ತು. ವಾರಂಟಿ ಮುಗಿದಿತ್ತು. ಸರ್ವಿಸ್ ಸೆಂಟರ್‌ಗೆ ಫೋನ್ ಮಾಡಿದ್ರೆ ಯಂತ್ರ ನೋಡದೇನೇ "ಬೋರ್ಡ್ ಹೋಗಿದೆ, 5,800 ಆಗುತ್ತೆ" ಅಂದ್ರು. ಮನೆಯಲ್ಲಿ ಎರಡೇ ಯೋಚನೆ: ಅಷ್ಟು ದುಡ್ಡು ಕೊಡೋದಾ, ಇಲ್ಲ ಗುಜರಿಗೆ ಹಾಕೋದಾ. ಅಷ್ಟರಲ್ಲಿ ಅಜ್ಜಿ ರಾತ್ರಿ ಹೊತ್ತು ಎದ್ದು ಕೂರೋದು ಶುರುವಾಗಿತ್ತು. ನಾವು ಮೂವರು ಒಂದು ಭಾನುವಾರ ಅಲ್ಲಿಗೆ ಹೋದೆವು.

ಒಳಗೆ ಏನಿದೆ?

ರಿಪೇರಿಗೆ ಮೊದಲು ಗಾಳಿಯ ದಾರಿ ಗೊತ್ತಿರಬೇಕು. ಗಾಳಿ ಮೊದಲು ಪ್ರೀ-ಫಿಲ್ಟರ್ ದಾಟುತ್ತೆ. ಅದು ಕೂದಲು, ಹತ್ತಿ, ದಪ್ಪ ಧೂಳನ್ನ ಹಿಡಿಯೋ ಜಾಲರಿ. ಆಮೇಲೆ ಹೆಪಾ ಫಿಲ್ಟರ್, ಅಂದ್ರೆ ಕಾಗದದ ಬೀಸಣಿಗೆ ತರ ಮಡಚಿದ ನಾರಿನ ಹಾಳೆ. ಕೆಲವದರಲ್ಲಿ ವಾಸನೆ ಹೀರೋ ಇದ್ದಿಲಿನ ಪದರವೂ ಇರುತ್ತೆ. ಕೊನೆಗೆ ಫ್ಯಾನ್. ಫ್ಯಾನ್ ಎಳೆಯೋದರಿಂದಲೇ ಇಷ್ಟೂ ನಡೆಯೋದು.

ಹೆಪಾ ಅಂದ್ರೆ ಜರಡಿ ಅಂತ ಬಹಳ ಜನ ಅಂದ್ಕೊಂಡಿದ್ದಾರೆ. ಹಾಗಲ್ಲ. ದಪ್ಪ ಕಣಗಳು ಗಾಳಿ ಜೊತೆ ತಿರುಗಲಾರದೆ ನಾರಿಗೆ ಹೋಗಿ ಬಡಿಯುತ್ತವೆ. ತುಂಬಾ ಸಣ್ಣ ಕಣಗಳು ಬ್ರೌನಿಯನ್ ಚಲನೆಯಿಂದ ಅತ್ತಿತ್ತ ಅಲೆದು ನಾರಿಗೆ ಅಂಟುತ್ತವೆ. ಎರಡಕ್ಕೂ ಸಿಗದೆ ನುಸುಳೋಕೆ ನೋಡೋದು ಮಧ್ಯದ ಗಾತ್ರ, ಸುಮಾರು 0.3 ಮೈಕ್ರೊಮೀಟರ್. ಅದಕ್ಕೇ ಅಮೆರಿಕದ ಹೆಪಾ ಮಾನದಂಡ 0.3 ಮೈಕ್ರೊಮೀಟರ್ ಕಣದಲ್ಲಿ 99.97 ಶೇಕಡಾ ಹಿಡಿಯಬೇಕು ಅಂತ ಕೇಳುತ್ತೆ. ಅತಿ ಕಷ್ಟದ ಪ್ರಶ್ನೆಯಲ್ಲೇ ಪರೀಕ್ಷೆ!

ಗಾಳಿಯನ್ನ ಅಳೆಯೋದು ಇನ್ನೊಂದು ಪುಟ್ಟ ಭಾಗ, ಡಸ್ಟ್ ಸೆನ್ಸರ್. ಒಂದು ಸಣ್ಣ ಕತ್ತಲೆ ಗೂಡು, ಅದರೊಳಗೆ ಲೇಸರ್ ಅಥವಾ ಇನ್‌ಫ್ರಾರೆಡ್ ಎಲ್‌ಇಡಿ. ಕಣ ಅಡ್ಡ ಬಂದಾಗ ಬೆಳಕು ಚದುರುತ್ತೆ, ಪಕ್ಕದಲ್ಲಿರೋ ಫೋಟೋಡಯೋಡ್ ಅದನ್ನ ಹಿಡಿಯುತ್ತೆ. ಆ ಸಿಗ್ನಲ್ ನೋಡಿ ಪಿಎಂ 2.5 ಎಷ್ಟು ಅಂತ ಯಂತ್ರ ಅಂದಾಜು ಮಾಡುತ್ತೆ. ಪಿಎಂ 2.5 ಅಂದ್ರೆ 2.5 ಮೈಕ್ರೊಮೀಟರ್ ಅಥವಾ ಅದಕ್ಕಿಂತ ಸಣ್ಣ ಕಣ. ಶ್ವಾಸಕೋಶದ ಆಳಕ್ಕೆ ಇಳಿಯೋದು ಇದೇ. ನಮ್ಮ ದೇಶದ 2009ರ ಮಾನದಂಡದಲ್ಲಿ 24 ಗಂಟೆಯ ಸರಾಸರಿ ಮಿತಿ ಒಂದು ಘನ ಮೀಟರ್ ಗಾಳಿಗೆ 60 ಮೈಕ್ರೊಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿಯಲ್ಲಿ ಅದು 15.

ಮೊದಲ ಪ್ರಶ್ನೆ: ಯಾವ ಕೆಂಪು?

ಎಲ್ಲಾ ಕೆಂಪು ದೀಪವೂ ಫಾಲ್ಟ್ ಅಲ್ಲ. ಮೂರು ಬೇರೆ ಬೇರೆ ವಿಷಯಗಳನ್ನ ಯಂತ್ರ ಒಂದೇ ಬಣ್ಣದಲ್ಲಿ ಹೇಳುತ್ತೆ.

ಒಂದು, ಗಾಳಿ ಕೆಟ್ಟಿದೆ ಅನ್ನೋ ಕೆಂಪು. ಫ್ಯಾನ್ ಜೋರಾಗಿ ಓಡ್ತಿರುತ್ತೆ. ಇದು ಯಂತ್ರ ಸರಿಯಾಗಿದೆ ಅನ್ನೋದಕ್ಕೆ ಗುರುತು. ಒಗ್ಗರಣೆ ಹಾಕಿದಾಗ, ಮಿರ್ಚಿ ಕರಿಯೋವಾಗ, ಊದುಬತ್ತಿ ಹಚ್ಚಿದಾಗ ಹೀಗಾಗೋದು ಸಹಜ. ಆ ಅಜ್ಜಿ ನಮ್ಮನ್ನ ಕೇಳಿದ ಮೊದಲ ಪ್ರಶ್ನೆಯೇ ಇದು: "ಏನ್ರಪ್ಪಾ, ಇದು ಕೆಂಪಗಾಗುತ್ತೆ ಅಂತ ನಾನು ಒಗ್ಗರಣೆ ಹಾಕೋದು ಬಿಡ್ಬೇಕಾ?" ಬಿಡ್ಬೇಕಿಲ್ಲ ಅಜ್ಜಿ, ಅಡುಗೆಮನೆ ಎಕ್ಸಾಸ್ಟ್ ಫ್ಯಾನ್ ಹಾಕಿ, ರೂಮಿನ ಬಾಗಿಲು ಮುಂದಕ್ಕೆ ಎಳೆದ್ರೆ ಸಾಕು.

ಎರಡು, ಫಿಲ್ಟರ್ ಬದಲಾಯಿಸಿ ಅನ್ನೋ ನೆನಪೋಲೆ. ಬಹಳಷ್ಟು ಮನೆಯ ಯಂತ್ರಗಳು ಫಿಲ್ಟರ್ ಎಷ್ಟು ಕೊಳೆಯಾಗಿದೆ ಅಂತ ನೋಡೋದೇ ಇಲ್ಲ. ಎಷ್ಟು ಗಂಟೆ ಓಡಿದೆ, ಯಾವ ಸ್ಪೀಡಲ್ಲಿ ಓಡಿದೆ ಅಂತ ಲೆಕ್ಕ ಇಟ್ಟು ದೀಪ ಹಚ್ಚುತ್ತವೆ. ಹೊಸ ಫಿಲ್ಟರ್ ಹಾಕಿದ ಮೇಲೂ ದೀಪ ಹೋಗದಿದ್ರೆ ರಿಸೆಟ್ ಬಟನ್ನನ್ನ ಮ್ಯಾನ್ಯುಯಲ್‌ನಲ್ಲಿ ಹೇಳಿದಷ್ಟು ಸೆಕೆಂಡ್ ಒತ್ತಿ ಹಿಡಿಯಬೇಕು. ಆದ್ರೆ ಹಳೇ ಫಿಲ್ಟರನ್ನೇ ಇಟ್ಟು ಬರೀ ರಿಸೆಟ್ ಮಾಡೋದು, ಪೆಟ್ರೋಲ್ ಹಾಕದೆ ಮುಳ್ಳನ್ನ ಮೇಲೆತ್ತಿದ ಹಾಗೆ.

ಮೂರು, ನಿಜವಾದ ಫಾಲ್ಟ್. ದೀಪ ಮಿಣುಕುತ್ತೆ ಅಥವಾ ಇ1, ಇ2 ತರದ ಕೋಡ್ ಬರುತ್ತೆ, ಫ್ಯಾನ್ ನಿಲ್ಲುತ್ತೆ. ಕೋಡ್‌ನ ಅರ್ಥ ಕಂಪನಿಯಿಂದ ಕಂಪನಿಗೆ ಬೇರೆ, ಆದ್ದರಿಂದ ನಿಮ್ಮ ಮಾಡೆಲ್‌ನ ಮ್ಯಾನ್ಯುಯಲ್ಲೇ ನೋಡಬೇಕು. ದಾವಣಗೆರೆಯ ಯಂತ್ರ ಈ ಮೂರನೇ ಗುಂಪಿನದು.

ಹೊರಗಿಂದ ಒಳಗೆ

ನಮ್ಮ ಲ್ಯಾಬ್‌ನಲ್ಲಿ ಸರ್ಕ್ಯೂಟ್ ಕೆಲಸ ಮಾಡದಿದ್ರೆ ಮೊದಲು ಐಸಿ ಬದಲಾಯಿಸಲ್ಲ, ಸಪ್ಲೈ ನೋಡ್ತೀವಿ. ಇಲ್ಲೂ ಅದೇ ನಿಯಮ. ಖರ್ಚಿಲ್ಲದ್ದು ಮೊದಲು, ಸ್ಕ್ರೂ ಬಿಚ್ಚೋದು ಕೊನೆಗೆ.

1. ಪ್ಲಗ್ ತೆಗೆದು ಐದು ನಿಮಿಷ ಬಿಟ್ಟು ಮತ್ತೆ ಹಾಕಿ. ಕರೆಂಟ್ ಹೋಗಿ ಬಂದಾಗ ಕಂಟ್ರೋಲರ್ ಸಿಕ್ಕಿಹಾಕಿಕೊಂಡಿದ್ರೆ ಇಷ್ಟಕ್ಕೇ ಸರಿಯಾಗಬಹುದು. ಎಕ್ಸ್‌ಟೆನ್ಶನ್ ಬೋರ್ಡ್ ಬಿಟ್ಟು ನೇರ ಗೋಡೆಯ ಸಾಕೆಟ್‌ಗೆ ಹಾಕಿ ನೋಡಿ.

2. ಮತ್ತೆ ಪ್ಲಗ್ ತೆಗೆದು ಫಿಲ್ಟರ್ ಹೊರಗೆ ತೆಗೀರಿ. ಹೊಸ ಫಿಲ್ಟರ್ ಆದ್ರೆ ಪ್ಲಾಸ್ಟಿಕ್ ಕವರ್ ತೆಗೆದಿದ್ದಾರಾ ನೋಡಿ. ಕವರ್ ಸಮೇತ ಹಾಕಿ ತಿಂಗಳುಗಟ್ಟಲೆ ಓಡಿಸೋರು ಇದ್ದಾರೆ! ಪ್ರೀ-ಫಿಲ್ಟರ್ ಮೇಲಿನ ಧೂಳನ್ನ ಬ್ರಷ್‌ನಿಂದ ತೆಗೀರಿ. ಮ್ಯಾನ್ಯುಯಲ್ ಒಪ್ಪಿದ್ರೆ ಜಾಲರಿಯನ್ನ ತೊಳೆದು ಪೂರ್ತಿ ಒಣಗಿಸಿ. ತೊಳೆಯಬಹುದು ಅಂತ ಕಂಪನಿಯೇ ಬರೆದಿರದಿದ್ರೆ ಹೆಪಾವನ್ನ ಮಾತ್ರ ತೊಳೆಯಬೇಡಿ. ನೀರು ಬಿದ್ರೆ ನಾರಿನ ಹೆಣಿಗೆ ಹಾಳಾಗುತ್ತೆ, ನಾರಿನ ಮೇಲಿರೋ ಸ್ಥಾಯಿ ವಿದ್ಯುತ್ತೂ ಹೋಗಬಹುದು. ನೋಡೋಕೆ ಬೆಳ್ಳಗಿರುತ್ತೆ, ಕೆಲಸ ಮಾಡಲ್ಲ.

3. ಮುಚ್ಚಳ ಸರಿಯಾಗಿ ಕೂತಿದ್ಯಾ ನೋಡಿ. ಮುಚ್ಚಳ ತೆಗೆದಾಗ ಫ್ಯಾನ್ ಓಡಬಾರದು ಅಂತ ಒಂದು ಪುಟ್ಟ ಸ್ವಿಚ್ ಇರುತ್ತೆ, ಕೆಲವದರಲ್ಲಿ ಅಯಸ್ಕಾಂತ. ಒಂದು ಮಿಲಿಮೀಟರ್ ಸಡಿಲ ಇದ್ರೂ ಯಂತ್ರ ಹಟ ಮಾಡುತ್ತೆ.

4. ಸೆನ್ಸರ್ ಕಿಟಕಿ ಸ್ವಚ್ಛ ಮಾಡಿ. ಲೆನ್ಸ್ ಮೇಲೆ ಧೂಳು ಕೂತ್ರೆ ಶುದ್ಧ ಗಾಳಿಯಲ್ಲೂ ಅಂಕಿ ಕೆಳಗೆ ಇಳಿಯಲ್ಲ. ಪ್ಲಗ್ ತೆಗೆದು, ಒಣ ಇಯರ್ ಬಡ್‌ನಿಂದ ಮೆಲ್ಲಗೆ ಒರೆಸಿದ್ರೆ ಸಾಕು. ಇನ್ನೊಂದು ಮಾತು: ಈ ಸೆನ್ಸರ್‌ಗೆ ಧೂಳಿಗೂ ನೀರಿನ ಹನಿಗೂ ವ್ಯತ್ಯಾಸ ಗೊತ್ತಾಗಲ್ಲ. ಮಡಿಕೇರಿ, ಸಕಲೇಶಪುರದ ಮಂಜಿನಲ್ಲಿ, ಅಥವಾ ಬಿಸಿನೀರಿನ ಹಬೆ ಬರೋ ಬಚ್ಚಲಮನೆ ಪಕ್ಕದಲ್ಲಿ, ಅಂಕಿ ಸುಮ್ಮನೆ ಏರಬಹುದು.

ಇಲ್ಲಿವರೆಗೆ ಯಾರು ಬೇಕಾದ್ರೂ ಮಾಡಬಹುದು. ಇಲ್ಲಿಂದ ಮುಂದೆ ಎರಡು ಗೆರೆ ಎಳೆದುಕೊಳ್ಳಿ. ವಾರಂಟಿ ಇದ್ರೆ ಸ್ಕ್ರೂ ಮುಟ್ಟಬೇಡಿ. ವೈರ್ ನೇರವಾಗಿ ಯಂತ್ರದೊಳಗೆ ಹೋಗೋ ಮಾಡೆಲ್ ಆದ್ರೂ ಮುಟ್ಟಬೇಡಿ. ಯಾಕಂದ್ರೆ ಆಗ ಎಸ್‌ಎಂಪಿಎಸ್ ಒಳಗೇ ಇರುತ್ತೆ. 230 ವೋಲ್ಟ್ ಎಸಿಯನ್ನ ರೆಕ್ಟಿಫೈ ಮಾಡಿದ್ರೆ ಶಿಖರ ಮೌಲ್ಯ 230 ಗುಣಿಸು 1.414, ಅಂದ್ರೆ ಸುಮಾರು 325 ವೋಲ್ಟ್ ಡಿಸಿ. ಪ್ಲಗ್ ತೆಗೆದ ಮೇಲೂ ಕೆಪಾಸಿಟರ್‌ನಲ್ಲಿ ಅದು ಸ್ವಲ್ಪ ಹೊತ್ತು ಉಳಿದಿರಬಹುದು. ಪರೀಕ್ಷೆಯಲ್ಲಿ ಎರಡು ಮಾರ್ಕಿನ ಪ್ರಶ್ನೆ, ಕೈಯಲ್ಲಿ ಅಲ್ಲ.

ದಾವಣಗೆರೆಯ ಯಂತ್ರಕ್ಕೆ ಲ್ಯಾಪ್‌ಟಾಪ್ ತರ ಹೊರಗಡೆ ಅಡಾಪ್ಟರ್ ಇತ್ತು, ಒಳಗೆ ಹೋಗೋದು ಬರೀ 24 ವೋಲ್ಟ್. ಅದಕ್ಕೇ ನಾವು ಮುಂದುವರಿದಿದ್ದು.

ಫ್ಯಾನ್ ಏನು ಹೇಳ್ತಿದೆ?

ಈಗಿನ ಬಹಳಷ್ಟು ಪ್ಯೂರಿಫೈಯರ್‌ಗಳಲ್ಲಿ ಬಿಎಲ್‌ಡಿಸಿ ಫ್ಯಾನ್ ಇರುತ್ತೆ. ನಾಲ್ಕು ವೈರ್ ಇರೋ ಫ್ಯಾನ್ ಆದ್ರೆ ಸಾಮಾನ್ಯವಾಗಿ ಎರಡು ಸಪ್ಲೈಗೆ, ಒಂದು ಸ್ಪೀಡ್ ಹೇಳೋ ಪಿಡಬ್ಲ್ಯೂಎಂಗೆ, ಇನ್ನೊಂದು ಫ್ಯಾನ್‌ನಿಂದ ವಾಪಸ್ ಬರೋ ಟ್ಯಾಕೋ ಸಿಗ್ನಲ್‌ಗೆ. ಫ್ಯಾನ್ ತಿರುಗಿದ ಹಾಗೆ ಟ್ಯಾಕೋ ವೈರ್‌ನಲ್ಲಿ ಪಲ್ಸ್ ಬರುತ್ತೆ. ಕಂಟ್ರೋಲರ್ ಅದನ್ನ ಎಣಿಸುತ್ತೆ. ಕೆಲವು ಸೆಕೆಂಡ್ ಎಣಿಕೆ ಬರದಿದ್ರೆ "ಫ್ಯಾನ್ ನಿಂತಿದೆ" ಅಂತ ತೀರ್ಮಾನಿಸಿ ಎಲ್ಲಾ ಆಫ್ ಮಾಡುತ್ತೆ. ಕ್ಲಾಸಲ್ಲಿ ಹುಡುಗ ಕೂತಿದ್ದಾನೆ, ಆದ್ರೆ ಹಾಜರಿ ಕರೆದಾಗ ಮಾತಾಡಲಿಲ್ಲ ಅಂದ್ರೆ ಆಬ್ಸೆಂಟ್ ಬೀಳುತ್ತಲ್ಲ, ಹಾಗೆ.

ಆದ್ದರಿಂದ ಆನ್ ಮಾಡಿದ ಮೊದಲ ಹತ್ತು ಸೆಕೆಂಡ್ ಗಮನ ಇಟ್ಟು ನೋಡಿ.

ಫ್ಯಾನ್ ಅಲುಗಾಡೋದೇ ಇಲ್ಲ ಅಂದ್ರೆ ಸಪ್ಲೈ, ಕನೆಕ್ಟರ್ ಅಥವಾ ಮೋಟಾರ್ ಡ್ರೈವರ್ ಮೇಲೆ ಅನುಮಾನ.

ಸ್ವಲ್ಪ ನಡುಗಿ ನಿಂತ್ರೆ ಏನೋ ಸಿಕ್ಕಿಹಾಕಿಕೊಂಡಿದೆ ಅಥವಾ ಬೇರಿಂಗ್ ಹಿಡಿದಿದೆ. ಪ್ಲಗ್ ತೆಗೆದು ಕೈಯಿಂದ ತಿರುಗಿಸಿದ್ರೆ ಗೊತ್ತಾಗುತ್ತೆ.

ಚೆನ್ನಾಗಿ ತಿರುಗಿ, ನಾಲ್ಕೈದು ಸೆಕೆಂಡ್ ಆದ್ಮೇಲೆ ನಿಂತ್ರೆ? ಆಗ ಸಪ್ಲೈ ಬರ್ತಿದೆ, ಮೋಟಾರ್ ತಿರುಗ್ತಿದೆ. ಹಾಜರಿ ಮಾತ್ರ ತಲುಪ್ತಿಲ್ಲ. ಟ್ಯಾಕೋ ದಾರಿಯಲ್ಲಿ ಹುಡುಕಬೇಕು.

ಅಜ್ಜಿಯ ಯಂತ್ರ ಮಾಡ್ತಿದ್ದದ್ದು ಈ ಮೂರನೇದು. ಅಡಾಪ್ಟರ್ ಔಟ್‌ಪುಟ್ ಮಲ್ಟಿಮೀಟರ್‌ನಲ್ಲಿ 24.1 ವೋಲ್ಟ್ ಬಂತು, ಸರಿ. ಅಡಾಪ್ಟರ್ ಕಳಚಿ, ಹಿಂದಿನ ಮುಚ್ಚಳ ಬಿಚ್ಚಿ, ಫ್ಯಾನ್ ವೈರ್‌ಗಳ ಕಂಟಿನ್ಯೂಟಿ ನೋಡಿದೆವು. ಮೂರು ವೈರ್‌ಗೆ ಬೀಪ್ ಬಂತು, ನಾಲ್ಕನೇದಕ್ಕೆ ಬರಲಿಲ್ಲ. ಕನೆಕ್ಟರ್ ನೋಡಿದ್ರೆ ಆ ಒಂದು ಪಿನ್ ಪ್ಲಾಸ್ಟಿಕ್ ಗೂಡಿನಿಂದ ಅರ್ಧ ಹಿಂದಕ್ಕೆ ಸರಿದಿತ್ತು. ಮನೆ ಬದಲಾಯಿಸುವಾಗ ಟೆಂಪೋದಲ್ಲಿ ಕುಲುಕಾಡಿ ಸರಿದಿರಬೇಕು. ಸಣ್ಣ ಸ್ಕ್ರೂಡ್ರೈವರ್‌ನಿಂದ "ಟಕ್" ಅನ್ನೋವರೆಗೆ ಒತ್ತಿ ಕೂರಿಸಿದೆವು. ಬೋರ್ಡ್ ಚೆನ್ನಾಗೇ ಇತ್ತು. ಖರ್ಚು ಸೊನ್ನೆ.

ಸರಿಯಾಯ್ತು ಅಂತ ಹೇಗೆ ನಂಬೋದು?

ದೀಪ ಹಸಿರಾದ್ರೆ ಸಾಲದು, ಗಾಳಿ ಶುದ್ಧ ಆಗ್ತಿದ್ಯಾ ನೋಡಬೇಕು. ಇದಕ್ಕೆ ನಮ್ಮ ಆರ್‌ಸಿ ಸರ್ಕ್ಯೂಟೇ ಸಾಕು. ರೂಮಿನ ಧೂಳು ಕೆಪಾಸಿಟರ್‌ನ ಚಾರ್ಜ್ ತರಾನೇ ಘಾತೀಯವಾಗಿ ಇಳಿಯುತ್ತೆ.

12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ರೂಮು ಅಂದ್ರೆ 1,200 ಘನ ಅಡಿ, ಸುಮಾರು 34 ಘನ ಮೀಟರ್. ಯಂತ್ರದ ಡಬ್ಬದ ಮೇಲೆ ಸಿಎಡಿಆರ್ ಅಂತ ಬರೆದಿರುತ್ತಾರೆ, ಗಂಟೆಗೆ ಎಷ್ಟು ಘನ ಮೀಟರ್ ಶುದ್ಧ ಗಾಳಿ ಕೊಡುತ್ತೆ ಅಂತ. ಅದು 170 ಅಂತ ಇಟ್ಕೊಳ್ಳಿ. 170 ಭಾಗಿಸು 34, ಗಂಟೆಗೆ 5 ಸಲ. ಅಂದ್ರೆ ಟೈಮ್ ಕಾನ್‌ಸ್ಟಂಟ್ 12 ನಿಮಿಷ. ಅರ್ಧಕ್ಕೆ ಇಳಿಯೋಕೆ 12 ಗುಣಿಸು 0.693, ಸುಮಾರು 8 ನಿಮಿಷ.

ಈಗ ಕಿಟಕಿ ಬಾಗಿಲು ಮುಚ್ಚಿ, ಒಂದು ಊದುಬತ್ತಿ ಸ್ವಲ್ಪ ಹೊತ್ತು ಉರಿಸಿ ಆರಿಸಿ. ಪೂರ್ತಿ ಸ್ಪೀಡಲ್ಲಿ ಯಂತ್ರ ಹಾಕಿ, ಅಂಕಿ 150ರಿಂದ 75ಕ್ಕೆ ಇಳಿಯೋಕೆ ಎಷ್ಟು ನಿಮಿಷ ಅಂತ ಮೊಬೈಲ್‌ನಲ್ಲಿ ನೋಡಿ. ಎಂಟು, ಹತ್ತು ನಿಮಿಷ ಆದ್ರೆ ಚೆನ್ನಾಗಿದೆ. ಅರ್ಧ ಗಂಟೆ ಆದ್ರೆ ಫಿಲ್ಟರ್ ಕಟ್ಟಿದೆ, ಅಥವಾ ಫ್ಯಾನ್ ಸೋತಿದೆ, ಅಥವಾ ಬಾಗಿಲ ಸಂದಿಯಿಂದ ಧೂಳು ಬರ್ತಿದೆ. ಹೊರಗಿನ ಗಾಳಿ ನುಸುಳೋದರಿಂದ ಸೊನ್ನೆಗೆ ಇಳಿಯಲ್ಲ, ಅದು ತಪ್ಪಲ್ಲ. ಉಬ್ಬಸ ಇರೋರನ್ನ ಮಾತ್ರ ಈ ಪರೀಕ್ಷೆ ಮುಗಿಯೋವರೆಗೆ ಬೇರೆ ರೂಮಲ್ಲಿ ಕೂರಿಸಬೇಕು. ನಾವು ಅಜ್ಜಿಯನ್ನ ಪಡಸಾಲೆಯಲ್ಲಿ ಕೂರಿಸಿ, ಅವರು ಕೊಟ್ಟ ಮಂಡಕ್ಕಿ ತಿಂತಾ ಟೈಮ್ ನೋಡಿದೆವು. ಒಂಬತ್ತು ನಿಮಿಷ ಬಂತು.

ನೆನಪಿರಲಿ

ಪ್ಯೂರಿಫೈಯರ್ ಕಣ ಹಿಡಿಯುತ್ತೆ, ಇಂಗಾಲದ ಡೈಆಕ್ಸೈಡ್ ಹಿಡಿಯಲ್ಲ. ಅದಕ್ಕೆ ದಿನಕ್ಕೆ ಸ್ವಲ್ಪ ಹೊತ್ತು ಕಿಟಕಿ ತೆಗೆಯಲೇಬೇಕು. ಕಾರ್ಬನ್ ಮಾನಾಕ್ಸೈಡ್, ಗ್ಯಾಸ್ ಲೀಕ್ ಇವುಗಳಿಂದಲೂ ಅದು ಕಾಪಾಡಲ್ಲ. ಡಾಕ್ಟರ್ ಕೊಟ್ಟ ಇನ್‌ಹೇಲರ್‌ಗೆ ಅದು ಬದಲಿಯಲ್ಲ. ಯಂತ್ರ ರಿಪೇರಿಯಲ್ಲಿರೋ ದಿನಗಳಲ್ಲಿ ಒಣ ಪೊರಕೆ ಬಿಟ್ಟು ಒದ್ದೆ ಬಟ್ಟೆಯಲ್ಲಿ ನೆಲ ಒರೆಸೋದು, ರಸ್ತೆ ಕಡೆ ಕಿಟಕಿಯನ್ನ ಟ್ರಾಫಿಕ್ ಹೊತ್ತಲ್ಲಿ ಮುಚ್ಚೋದು, ಊದುಬತ್ತಿ, ಸೊಳ್ಳೆ ಬತ್ತಿ ನಿಲ್ಲಿಸೋದು ಒಳ್ಳೇದು.

ಸುಟ್ಟ ವಾಸನೆ, ಕಿಡಿ, ಕರಗಿದ ಪ್ಲಾಸ್ಟಿಕ್ ಕಂಡ್ರೆ ಯಾವ ಪ್ರಯೋಗವೂ ಬೇಡ, ಪ್ಲಗ್ ತೆಗೆದು ತಿಳಿದವರಿಗೆ ಕೊಡಿ. ಎಲ್ಲಾ ಯಂತ್ರವೂ ಒಂದು ಪಿನ್ ಒತ್ತಿದ್ರೆ ಸರಿಯಾಗಲ್ಲ, ಕೆಲವೊಮ್ಮೆ ಬೋರ್ಡ್ ನಿಜವಾಗಿಯೂ ಹೋಗಿರುತ್ತೆ. ಆಗಲೂ ಸರ್ವಿಸ್‌ನವರ ಹತ್ತಿರ ಎರಡು ಪ್ರಶ್ನೆ ಕೇಳಿ: "ಯಾವ ಭಾಗ ಹೋಗಿದೆ ಅಂತ ಹೇಗೆ ಗೊತ್ತಾಯ್ತು? ಹಳೇ ಭಾಗ ವಾಪಸ್ ಕೊಡ್ತೀರಾ?" ಉತ್ತರ ಸಮಾಧಾನ ತರದಿದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನಂಬರ್ 1915.

ಈ ರಜೆಗೆ ಊರಿಗೆ ಹೋದಾಗ ಮನೆಯ ಪ್ಯೂರಿಫೈಯರ್ ಚೆನ್ನಾಗಿ ಓಡ್ತಿದ್ರೂ ಒಮ್ಮೆ ಊದುಬತ್ತಿ ಪರೀಕ್ಷೆ ಮಾಡಿ, ಎಷ್ಟು ನಿಮಿಷ ಬಂತು ಅಂತ ಒಂದು ಚೀಟಿಯಲ್ಲಿ ಬರೆದು ಯಂತ್ರದ ಹಿಂದೆ ಅಂಟಿಸಿ. ಮುಂದೆ ಯಾವತ್ತಾದ್ರೂ ಕೆಂಪು ದೀಪ ಹತ್ತಿದಾಗ, ಮೊದಲು ಹೇಗಿತ್ತು ಅಂತ ಹೇಳೋಕೆ ಆ ಒಂದು ಚೀಟಿ ಸಾಕು.