ತೆರೆದ ಮೂಳೆ ಮುರಿತ: ಗಾಯ ಚಿಕ್ಕದೆಂದು ಅಲಕ್ಷಿಸಬೇಡಿ

ಟ್ರ್ಯಾಕ್ಟರ್ ಮಗುಚಿ, ಒಕ್ಕಣೆ ಯಂತ್ರಕ್ಕೆ ಕೈ ಸಿಕ್ಕಿ, ಗಾಡಿಯ ಚಕ್ರ ಕಾಲಿನ ಮೇಲೆ ಹರಿದು ಮೂಳೆ ಮುರಿಯುವುದುಂಟು. ಮುರಿದ ಜಾಗದಲ್ಲಿ ಚರ್ಮವೂ ಹರಿದು ಗಾಯ ಮೂಳೆಯವರೆಗೆ ಇಳಿದಿದ್ದರೆ ಅದು ತೆರೆದ ಮುರಿತ. ಮೂಳೆ ಹೊರಗೆ ಕಾಣಲೇಬೇಕೆಂದಿಲ್ಲ. ಮುರಿತದ ಬಳಿ ರಕ್ತ ಜಿನುಗುವ ಸಣ್ಣ ತೂತಿದ್ದರೂ ತೆರೆದ ಮುರಿತವೆಂದೇ ಭಾವಿಸಬೇಕು.

ಇದರ ತೀವ್ರತೆಯನ್ನು ಗುರುತಿಸಲು ಅಮೆರಿಕದ ವೈದ್ಯರಾದ ಗಸ್ಟಿಲೊ ಮತ್ತು ಆಂಡರ್ಸನ್ 1976ರಲ್ಲಿ ಪ್ರಕಟಿಸಿದ ವರ್ಗೀಕರಣ ಇಂದಿಗೂ ಬಳಕೆಯಲ್ಲಿದೆ. ಮೂರನೆಯ ದರ್ಜೆಯನ್ನು 1984ರಲ್ಲಿ ಮತ್ತೆ ವಿಂಗಡಿಸಲಾಯಿತು.

ಮೊದಲನೆಯ ದರ್ಜೆ: ಗಾಯ 1 ಸೆಂ.ಮೀ.ಗಿಂತ ಚಿಕ್ಕದು, ಕೊಳೆ ಇರುವುದಿಲ್ಲ.

ಎರಡನೆಯ ದರ್ಜೆ: ಗಾಯ 1 ಸೆಂ.ಮೀ.ಗಿಂತ ದೊಡ್ಡದು, ಆದರೆ ಸುತ್ತಲಿನ ಮಾಂಸಖಂಡ ಹೆಚ್ಚು ಜಜ್ಜಿರುವುದಿಲ್ಲ.

ಮೂರನೆಯ ದರ್ಜೆ: ಮಾಂಸಖಂಡಕ್ಕೆ ಭಾರಿ ಪೆಟ್ಟು. ಇದರಲ್ಲಿ ‘ಎ’ ಎಂದರೆ ಉಳಿದ ಮಾಂಸದಿಂದಲೇ ಮೂಳೆ ಮುಚ್ಚಬಹುದು. ‘ಬಿ’ ಎಂದರೆ ಮೂಳೆಯ ಪೊರೆ ಸುಲಿದು ಮೂಳೆ ಬರಿದಾಗಿದ್ದು, ಬೇರೆಡೆಯ ಮಾಂಸ ತಂದು ಮುಚ್ಚಬೇಕಾಗುತ್ತದೆ. ‘ಸಿ’ ಎಂದರೆ ಮುಖ್ಯ ರಕ್ತನಾಳಕ್ಕೂ ಪೆಟ್ಟಾಗಿದ್ದು, ಅದನ್ನು ಸರಿಪಡಿಸದಿದ್ದರೆ ಅಂಗ ಉಳಿಯದು.

ರೈತರು ಮುಖ್ಯವಾಗಿ ತಿಳಿಯಬೇಕಾದ ಅಂಶ ಒಂದಿದೆ. ಹೊಲ, ಕೊಟ್ಟಿಗೆ, ತಿಪ್ಪೆಯ ಮಣ್ಣು ಸೇರಿದ ತೆರೆದ ಮುರಿತವನ್ನು, ಗಾಯ ಎಷ್ಟೇ ಚಿಕ್ಕದಿರಲಿ, ಮೂರನೆಯ ದರ್ಜೆಗೇ ಸೇರಿಸುತ್ತಾರೆ. ಮಣ್ಣು ಮತ್ತು ಸಗಣಿಯಲ್ಲಿ ಧನುರ್ವಾಯುವಿನ ಹಾಗೂ ಮಾಂಸ ಕೊಳೆಸುವ ರೋಗಾಣುಗಳಿರುತ್ತವೆ. ಗಾಳಿಯಾಡದ ಆಳದ ಗಾಯದಲ್ಲಿ ಅವು ಬೇಗ ಬೆಳೆಯುತ್ತವೆ. ಆದ್ದರಿಂದ ಮೇಲಿನ ತೂತನ್ನು ನೋಡಿ ಮನೆಯಲ್ಲೇ ದರ್ಜೆ ನಿರ್ಧರಿಸಬಾರದು. ಶಸ್ತ್ರಚಿಕಿತ್ಸೆಯಲ್ಲಿ ಗಾಯ ತೊಳೆದು, ಸತ್ತ ಮಾಂಸ ತೆಗೆದ ಮೇಲಷ್ಟೇ ವೈದ್ಯರು ದರ್ಜೆಯನ್ನು ಖಚಿತಪಡಿಸುತ್ತಾರೆ.

ಕೂಡಲೇ ಮಾಡಬೇಕಾದುದು

1. ಯಂತ್ರ ನಿಲ್ಲಿಸಿ, 108ಕ್ಕೆ ಕರೆ ಮಾಡಿ.

2. ಒಗೆದ ಬಟ್ಟೆಯಿಂದ ಗಾಯ ಮುಚ್ಚಿ, ರಕ್ತ ಸುರಿಯುತ್ತಿದ್ದರೆ ಒತ್ತಿ ಹಿಡಿಯಿರಿ. ಹೊರಬಂದ ಮೂಳೆಯನ್ನು ಒಳಕ್ಕೆ ತಳ್ಳಬೇಡಿ, ಅದರ ಮೇಲೆ ಒತ್ತಲೂ ಬೇಡಿ.

3. ಅರಿಶಿನ, ಕಾಫಿಪುಡಿ, ಸೊಪ್ಪಿನ ರಸ ಹಾಕಬೇಡಿ.

4. ಅಂಗ ಇದ್ದ ಸ್ಥಿತಿಯಲ್ಲೇ ದಬ್ಬೆ ಇಟ್ಟು ಸಡಿಲವಾಗಿ ಕಟ್ಟಿ. ಬೆರಳು ತಣ್ಣಗಾಗಿ ಬಿಳಿಚಿದ್ದರೆ ವೈದ್ಯರಿಗೆ ಮೊದಲು ಅದನ್ನೇ ತಿಳಿಸಿ.

5. ಶಸ್ತ್ರಚಿಕಿತ್ಸೆಗೆ ಅರಿವಳಿಕೆ ಕೊಡಬೇಕಾಗುವುದರಿಂದ ತಿನ್ನಲು ಏನೂ ಕೊಡಬೇಡಿ.

ರೋಗಾಣುನಾಶಕ ಚುಚ್ಚುಮದ್ದು ಸಾಧ್ಯವಾದರೆ ಒಂದು ಗಂಟೆಯೊಳಗೆ ಬೀಳಬೇಕು. ಧನುರ್ವಾಯು ಚುಚ್ಚುಮದ್ದನ್ನೂ ಕೇಳಿ ಹಾಕಿಸಬೇಕು. ನಾಟಿ ಕಟ್ಟು ಕಟ್ಟಿಸಲು ಹೋಗಿ ಕಳೆದ ಹೊತ್ತು ಕಾಲನ್ನೇ ಕಳೆಯಬಹುದು. ಗಾಯವಾದ ವೇಳೆ, ಸ್ಥಳ ಮತ್ತು ತಗುಲಿದ ವಸ್ತುವನ್ನು ಬರೆದುಕೊಂಡು ಹೋಗಿ. “ಕೊಟ್ಟಿಗೆಯಲ್ಲಿ ಆದದ್ದು” ಎಂಬ ಒಂದು ಮಾತು ಚಿಕಿತ್ಸೆಯ ಕ್ರಮವನ್ನೇ ಬದಲಿಸುತ್ತದೆ. ವಿಸ್ತರಣಾ ಕಾರ್ಯಕರ್ತರು ಒಕ್ಕಣೆ ಕಾಲಕ್ಕೆ ಮುಂಚೆಯೇ ಈ ವಿಷಯವನ್ನು ಹಳ್ಳಿಯ ಸಭೆಗಳಲ್ಲಿ ತಿಳಿಸುವುದು ಒಳ್ಳೆಯದು.