ಆರೋಗ್ಯ ಪ್ರಶ್ನೋತ್ತರ: ಬೆಳಗಿನ ತನಕ ಕಾಯಬಹುದೆ, ಡಾಕ್ಟರೇ?

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯಿಂದ ಬಂದ ಪತ್ರಗಳನ್ನು ಒಟ್ಟಿಗೆ ಓದಲು ಕುಳಿತಾಗ ಒಂದು ವಿಷಯ ಗಮನಕ್ಕೆ ಬಂತು. ಕಾಯಿಲೆಗಳು ಬೇರೆ ಬೇರೆ, ಆದರೆ ಎಲ್ಲರೂ ಹೆದರಿರುವ ಹೊತ್ತು ಒಂದೇ: ರಾತ್ರಿ ಹತ್ತರ ನಂತರ. ಹಾಗಾಗಿ ಈ ಸಲದ ಅಂಕಣವನ್ನು ಪೂರ್ತಿ ಆ ಹೊತ್ತಿಗೇ ಬಿಟ್ಟಿದ್ದೇನೆ.

ಪ್ರಶ್ನೆ: ನನ್ನ ಮಗನಿಗೆ ಎರಡೂವರೆ ವರ್ಷ. ಸಂಜೆ ಮೈ ಬೆಚ್ಚಗಿತ್ತು, ರಾತ್ರಿ ಹನ್ನೊಂದೂವರೆಗೆ ಕೆಂಡದ ಹಾಗೆ ಸುಡೋಕೆ ಶುರುವಾಯಿತು. ಥರ್ಮಾಮೀಟರ್ ಇಟ್ಟರೆ 102. ನಮ್ಮತ್ತೆಯವರು ಗಾಬರಿಯಾಗಿ ಅಳೋಕೆ ಶುರುಮಾಡಿದರು. ಬಾಡಿಗೆ ಕಾರು ಮಾಡಿಕೊಂಡು ಮೈಸೂರಿಗೆ ಹೋದೆವು. ಎರಡು ಗಂಟೆ ಕಾದ ಮೇಲೆ ಜ್ವರದ ಸಿರಪ್ ಕುಡಿಸಿ ಕಳಿಸಿದರು. ‘ಇಷ್ಟಕ್ಕೆ ಇಷ್ಟು ದೂರ ಬಂದಿರಾ’ ಅಂತ ಮಾತು ಬೇರೆ. ನಾವು ಹೋಗಿದ್ದು ತಪ್ಪೇ?
(ಗಾವಡಗೆರೆ ಹೋಬಳಿ, ಹುಣಸೂರು ತಾಲ್ಲೂಕು)

ಉತ್ತರ: ಹೆದರಿದ್ದು ತಪ್ಪಲ್ಲ ತಾಯಿ, ಆ ಮಾತು ಆಡಿದ್ದು ತಪ್ಪು. ಮಗುವಿನ ಮೈ ಸುಡುವಾಗ ತಾಯಿ ಲೆಕ್ಕ ಹಾಕುತ್ತಾ ಕೂರಲಾರಳು. ಆದರೆ ಅಂದು ರಾತ್ರಿ ನೀವು ಮನೆಯಲ್ಲೇ ಉಳಿಯಬಹುದಿತ್ತು. ಯಾಕೆಂದು ತಿಳಿದರೆ ಮುಂದಿನ ಸಲ ಧೈರ್ಯ ಇರುತ್ತದೆ.

ಜ್ವರ ಇಲ್ಲದ ದಿನವೂ ನಮ್ಮ ಮೈಯ ಬಿಸಿ ಸಂಜೆಯ ಹೊತ್ತಿಗೆ ಏರಿ, ಬೆಳಗಿನ ಜಾವಕ್ಕೆ ಇಳಿಯುತ್ತದೆ. ಜ್ವರವೂ ಅದೇ ಜಾಡಿನಲ್ಲಿ ನಡೆಯುತ್ತದೆ. ಸಂಜೆ 100 ಇದ್ದದ್ದು ರಾತ್ರಿ 102 ಆದ ಮಾತ್ರಕ್ಕೆ ಕಾಯಿಲೆ ಕೈಮೀರಿತು ಎಂದಲ್ಲ. ಥರ್ಮಾಮೀಟರಿನ ಅಂಕಿಗಿಂತ ಮಗುವಿನ ಮುಖ ಹೆಚ್ಚು ಹೇಳುತ್ತದೆ. ಜ್ವರ ಸ್ವಲ್ಪ ಇಳಿದಾಗ ಮಗು ಕಣ್ಣಲ್ಲಿ ಕಣ್ಣಿಟ್ಟು ನೋಡಿದರೆ, ನೀರೋ ಗಂಜಿಯೋ ಕುಡಿದರೆ, ಉಚ್ಚೆ ಹೊಯ್ದರೆ ಬೆಳಗ್ಗೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದರೆ ಸಾಕು.

ಮನೆಯಲ್ಲಿ ಪ್ಯಾರಾಸಿಟಮಾಲ್ ಸಿರಪ್ ಇರಲಿ. ಅದನ್ನು ವಯಸ್ಸು ನೋಡಿ ಅಲ್ಲ, ತೂಕ ನೋಡಿ ಕೊಡಬೇಕು: ಒಂದು ಕಿಲೋ ತೂಕಕ್ಕೆ 15 ಮಿಲಿಗ್ರಾಂ, ಒಂದು ಸಲ ಕೊಟ್ಟ ಮೇಲೆ ಕನಿಷ್ಠ 4ರಿಂದ 6 ಗಂಟೆ ಅಂತರ, ದಿನಕ್ಕೆ ನಾಲ್ಕು ಸಲ ಮೀರಬಾರದು. ಇಲ್ಲಿ ಒಂದು ಅಪಾಯವಿದೆ. ಅಂಗಡಿಯಲ್ಲಿ 5 ಮಿ.ಲೀ.ಗೆ 120 ಮಿಲಿಗ್ರಾಂ ಇರುವ ಬಾಟಲಿಯೂ ಸಿಗುತ್ತದೆ, 250 ಮಿಲಿಗ್ರಾಂ ಇರುವುದೂ ಸಿಗುತ್ತದೆ. ನೋಡಲು ಎರಡೂ ಒಂದೇ. ಮುಂದಿನ ಸಲ ವೈದ್ಯರ ಹತ್ತಿರ ಹೋದಾಗ ಮಗುವನ್ನು ತೂಗಿಸಿ, ನಿಮ್ಮ ಮನೆಯ ಬಾಟಲಿಯನ್ನೇ ತೋರಿಸಿ, ಎಷ್ಟು ಮಿ.ಲೀ. ಎಂದು ಅದರ ಮೇಲೆಯೇ ಬರೆಸಿಕೊಳ್ಳಿ. ರಾತ್ರಿ ಕಂಬಳಿ ಹೊದಿಸಿ ಬೆವರಿಳಿಸಬೇಡಿ, ತಣ್ಣೀರು ಸುರಿಯಬೇಡಿ. ತೆಳುವಾದ ಹತ್ತಿಯ ಬಟ್ಟೆ ಹಾಕಿ, ಆಗಾಗ ಒಂದೊಂದು ಗುಟುಕು ನೀರು ಕುಡಿಸಿ.

ಇನ್ನು ಒಂದು ನಿಮಿಷವೂ ಕಾಯಬಾರದ ಮಾತು. ಮೂರು ತಿಂಗಳೊಳಗಿನ ಕೂಸಿಗೆ 100.4 ದಾಟಿದ ಜ್ವರ ಬಂದರೆ, ಎಷ್ಟು ಹೊತ್ತಾಗಿದ್ದರೂ ಹೊರಡಿ. ದೊಡ್ಡ ಮಗುವಾದರೂ ಫಿಟ್ಸ್ ಬಂದರೆ, ಕರೆದರೂ ಕಣ್ಣು ಬಿಡದೆ ತೂಕಡಿಸುತ್ತಿದ್ದರೆ, ಕುಡಿದದ್ದೆಲ್ಲ ವಾಂತಿಯಾಗುತ್ತಿದ್ದರೆ, ಉಸಿರೆಳೆಯುವಾಗ ಪಕ್ಕೆಯ ಕೆಳಗೆ ಗುಳಿ ಬೀಳುತ್ತಿದ್ದರೆ, ಆರೆಂಟು ಗಂಟೆ ಉಚ್ಚೆಯೇ ಹೊಯ್ಯದಿದ್ದರೆ ಹೊರಡಿ. ಫಿಟ್ಸ್ ಬಂದ ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ. ಬಾಯಿಗೆ ಚಮಚ, ಬೆರಳು, ನೀರು ಯಾವುದೂ ಬೇಡ, ಕೈಗೆ ಕಬ್ಬಿಣ ಕೊಡುವುದರಿಂದ ಏನೂ ಆಗದು. ಆಗಲೂ ನೇರ ಮೈಸೂರಿಗೆ ಓಡಬೇಡಿ. ಹುಣಸೂರಿನಿಂದಲೇ ಮೈಸೂರು 45 ಕಿಲೋಮೀಟರಿನ ಆಸುಪಾಸು. ಮೊದಲ ಚಿಕಿತ್ಸೆ ತಾಲ್ಲೂಕು ಆಸ್ಪತ್ರೆಯಲ್ಲಿ ಆಗಲಿ, ಮುಂದೆ ಕಳಿಸಬೇಕಾದರೆ ಅವರೇ ಆಂಬುಲೆನ್ಸಿನಲ್ಲಿ ಕಳಿಸುತ್ತಾರೆ.

ಪ್ರಶ್ನೆ: ಹೊಗೆಸೊಪ್ಪು ಬಿಡಿಸುವ ದಿನಗಳಲ್ಲಿ ನಮ್ಮ ಯಜಮಾನರಿಗೆ ರಾತ್ರಿಯಾದರೆ ತಲೆಸುತ್ತು, ವಾಂತಿ, ಹೊಟ್ಟೆ ತೊಳಸು. ಈ ಸಲ ಮೂರು ರಾತ್ರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಗ್ಲೂಕೋಸ್ ಹಾಕಿಸಿದೆ. ಪರೀಕ್ಷೆಯಲ್ಲಿ ಏನೂ ಇಲ್ಲ ಅಂತಾರೆ. ಊರಲ್ಲಿ ಗಾಳಿ ಸೋಕಿದೆ ಅಂತಾರೆ. ಅವರಿಗೆ ಬೀಡಿ, ಎಲೆ ಅಡಿಕೆ ಯಾವ ಚಟವೂ ಇಲ್ಲ.
(ಕಂಪಲಾಪುರದ ಹತ್ತಿರ, ಪಿರಿಯಾಪಟ್ಟಣ ತಾಲ್ಲೂಕು)

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲಿನಲ್ಲೇ ಉತ್ತರಕ್ಕೆ ಸುಳಿವಿದೆ. ಇದು ಗಾಳಿಯಲ್ಲ, ನಿಕೋಟಿನ್. ಹಸಿ ಹೊಗೆಸೊಪ್ಪಿನ ಮೇಲೆ ಇಬ್ಬನಿಯೋ ಮಳೆನೀರೋ ನಿಂತಾಗ ಎಲೆಯೊಳಗಿನ ನಿಕೋಟಿನ್ ಆ ನೀರಿಗೆ ಇಳಿಯುತ್ತದೆ. ಒದ್ದೆ ಎಲೆ ಬಿಡಿಸಿ, ಹೊರೆ ಕಂಕುಳಲ್ಲಿ ಅವುಚಿ, ಹೆಗಲ ಮೇಲೆ ಹೊತ್ತು ತರುವಾಗ ಅಂಗಿ ತೊಯ್ದು, ಚರ್ಮದ ಮೂಲಕ ಅದು ರಕ್ತ ಸೇರುತ್ತದೆ. ಹಸಿ ತಂಬಾಕಿನ ಕಾಯಿಲೆ ಎಂದು ವೈದ್ಯಶಾಸ್ತ್ರದಲ್ಲಿ ಇದಕ್ಕೆ ಹೆಸರೇ ಇದೆ. ಮೈಗೆ ನಿಕೋಟಿನ್ ಅಭ್ಯಾಸವಿಲ್ಲದವರನ್ನೇ ಇದು ಹೆಚ್ಚು ಕಾಡುತ್ತದೆ. ಅಂದರೆ ಚಟವಿಲ್ಲದ ನಿಮ್ಮ ಯಜಮಾನರನ್ನು, ಕೂಲಿಗೆ ಬರುವ ಹೆಂಗಸರನ್ನು, ಶಾಲೆಗೆ ರಜೆ ಹಾಕಿ ಸೊಪ್ಪು ಕಟ್ಟಲು ಕೂರುವ ಮಕ್ಕಳನ್ನು.

ಎಲೆ ಮುಟ್ಟಿ ಕೆಲವು ಗಂಟೆಗಳ ನಂತರ ಇದರ ಲಕ್ಷಣ ಶುರುವಾಗುತ್ತದೆ. ಬೆಳಗ್ಗೆ, ಮಧ್ಯಾಹ್ನ ಸೊಪ್ಪು ಬಿಡಿಸಿದವರಿಗೆ ರಾತ್ರಿ ವಾಂತಿಯಾಗುವುದು ಅದಕ್ಕೇ. ನಮ್ಮ ಕಡೆ ಕೊಯ್ಲು ಬರುವುದೂ ಮಳೆಗಾಲದಲ್ಲಿ. ಹಗಲು ಎಲೆ ಬಿಡಿಸಿ, ರಾತ್ರಿ ಸೊಪ್ಪು ಹದಮಾಡುವ ಬ್ಯಾರನ್ನಿಗೆ ಸೌದೆ ಒಡ್ಡುತ್ತಾ ನಿದ್ದೆಗೆಟ್ಟವರಿಗೆ ಸಂಕಟ ಇನ್ನಷ್ಟು. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ತಾನಾಗಿಯೇ ಇಳಿಯುತ್ತದೆ. ಮಾಮೂಲಿ ರಕ್ತಪರೀಕ್ಷೆಯಲ್ಲಿ ಏನೂ ಕಾಣುವುದಿಲ್ಲ. ‘ಇವತ್ತು ಹೊಗೆಸೊಪ್ಪು ಬಿಡಿಸಿದ್ದರು’ ಎಂಬ ಒಂದು ಮಾತು ನೀವು ಹೇಳಿದ್ದರೆ, ಅಥವಾ ವೈದ್ಯರು ತಾವಾಗಿ ಕೇಳಿದ್ದರೆ, ಮೊದಲ ರಾತ್ರಿಯೇ ಗೊತ್ತಾಗುತ್ತಿತ್ತು. ಹೊಗೆಸೊಪ್ಪು ಬೆಳೆಯುವ ಸೀಮೆಯಲ್ಲಿ ಕೆಲಸ ಮಾಡುವ ನಾವು ವೈದ್ಯರು ಈ ಪ್ರಶ್ನೆಯನ್ನು ಕೇಳಲೇಬೇಕು.

ಹೀಗಾದ ರಾತ್ರಿ ಮೊದಲು ಆ ಬಟ್ಟೆ ಬಿಚ್ಚಿಸಿ, ಸೋಪು ಹಚ್ಚಿ ಸ್ನಾನ ಮಾಡಿಸಿ. ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಒಂದು ಓಆರ್‌ಎಸ್ ದೊಡ್ಡ ಪೊಟ್ಟಣ ಪೂರ್ತಿ ಕಲಸಿ ಗುಟುಕು ಗುಟುಕಾಗಿ ಕುಡಿಸಿ. ಆರೋಗ್ಯ ಕೇಂದ್ರದಲ್ಲಿ ಆ ಪೊಟ್ಟಣವನ್ನು ಪುಕ್ಕಟೆ ಕೊಡುತ್ತಾರೆ. ಅಂಗಡಿಯಲ್ಲಿ ಸಿಗುವ ಹಣ್ಣಿನ ಚಿತ್ರದ ಸಿಹಿ ಡಬ್ಬಿಗಳನ್ನು ಓಆರ್‌ಎಸ್ ಎಂದುಕೊಳ್ಳಬೇಡಿ. ಅಂಥವುಗಳ ಮೇಲೆ ಆ ಹೆಸರು ಹಾಕಕೂಡದೆಂದು ಆಹಾರ ಸುರಕ್ಷತಾ ಪ್ರಾಧಿಕಾರವೇ 2025ರ ಅಕ್ಟೋಬರ್‌ನಲ್ಲಿ ಆದೇಶ ಮಾಡಿದೆ. ಕುಡಿದದ್ದು ಹೊಟ್ಟೆಯಲ್ಲಿ ನಿಲ್ಲುವವರಿಗೆ ಡ್ರಿಪ್ಪಿನಿಂದ ಹೆಚ್ಚೇನೂ ಸಿಗುವುದಿಲ್ಲ. ಮಾರನೆಯ ದಿನ ಅವರು ಹೊಲಕ್ಕಿಳಿಯಬಾರದು. ಮುಂದೆ ಎಲೆಯ ನೀರು ಆರಿದ ಮೇಲೆ ಬಿಡಿಸಲಿ, ತುಂಬುತೋಳಿನ ಅಂಗಿ, ಕೈಗವಸು, ಮೈಮೇಲೊಂದು ಪ್ಲಾಸ್ಟಿಕ್ ಹೊದಿಕೆ ಇರಲಿ, ತೊಯ್ದ ಬಟ್ಟೆಯನ್ನು ಅಲ್ಲೇ ಬದಲಿಸಲಿ. ಮಕ್ಕಳು ಮತ್ತು ಬಸುರಿಯರು ಹಸಿ ಸೊಪ್ಪಿನ ಹತ್ತಿರವೇ ಬೇಡ.

ಆದರೆ ಅಂದು ಹೊಲಕ್ಕೆ ಔಷಧಿ ಹೊಡೆದಿದ್ದರೆ ಲೆಕ್ಕವೇ ಬೇರೆ. ವಾಂತಿಯ ಜೊತೆಗೆ ಬಾಯಲ್ಲಿ ಜೊಲ್ಲು, ಮೈತುಂಬ ಬೆವರು, ಕಣ್ಣು ಮಂಜು, ಮಾಂಸಖಂಡ ಅದುರುವುದು, ಉಸಿರು ಕಟ್ಟಿದಂತಾಗುವುದು ಇದ್ದರೆ ಅದು ಕೀಟನಾಶಕದ ವಿಷ. ಡಬ್ಬಿಯನ್ನೂ ಕೈಯಲ್ಲಿ ಹಿಡಿದು ತಕ್ಷಣ ಆಸ್ಪತ್ರೆ ಸೇರಿ.

ಪ್ರಶ್ನೆ: ಮನೆಗೆ ಬಿ.ಪಿ. ಮೆಷಿನ್ ತಂದಾಗಿನಿಂದ ನಮ್ಮಮ್ಮನಿಗೆ ನಿದ್ದೆಯಿಲ್ಲ. ರಾತ್ರಿ ಒಂದು ಗಂಟೆಗೆ ಎದ್ದು ನೋಡಿಕೊಳ್ಳುತ್ತಾರೆ. 170/100 ಬಂತೆಂದು ಎರಡು ಸಲ ಆಸ್ಪತ್ರೆಗೆ ಹೋಗಿದ್ದೇವೆ.
(ಸಾಲಿಗ್ರಾಮ)

ಉತ್ತರ: ನಿದ್ದೆಗೆಟ್ಟು, ಹೆದರಿ, ಪದೇ ಪದೇ ನೋಡಿಕೊಂಡರೆ ಯಾರ ಬಿ.ಪಿ.ಯೂ ಏರುತ್ತದೆ. ಎದೆನೋವು, ಉಸಿರಾಟದ ತೊಂದರೆ, ವಿಪರೀತ ತಲೆನೋವು, ಕಣ್ಣು ಮಂಜಾಗುವುದು, ಕೈಕಾಲು ಸೋಲುವುದು ಯಾವುದೂ ಇಲ್ಲದಿದ್ದರೆ 170/100 ರಾತ್ರಿಯ ತುರ್ತಲ್ಲ, ಆ ವಾರವೇ ವೈದ್ಯರಿಗೆ ತೋರಿಸಿ ಮಾತ್ರೆ ಸರಿಮಾಡಿಕೊಳ್ಳುವ ವಿಷಯ. ಇನ್ನೊಂದು ಮಾತ್ರೆ ನೀವೇ ಕೊಡಬೇಡಿ, ಒಮ್ಮೆಲೇ ಇಳಿಸಿದರೆ ಅಪಾಯ. ಮೆಷಿನ್ ಬೆಳಗ್ಗೆ, ಸಂಜೆ ಮಾತ್ರ ಹೊರಗೆ ಬರಲಿ, ರಾತ್ರಿ ಬೀರುವಿನಲ್ಲಿರಲಿ. 180/120 ದಾಟಿ ಮೇಲೆ ಹೇಳಿದ್ದರಲ್ಲಿ ಒಂದಾದರೂ ಇದ್ದರೆ ಹೊರಡಿ. ಬಾಯಿ ಸೊಟ್ಟಗಾದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ಬಿ.ಪಿ. ಎಷ್ಟೇ ಇರಲಿ ಹೊರಡಿ. ಲಕ್ವದ ಹೆಪ್ಪು ಕರಗಿಸುವ ಔಷಧಿಗೆ ನಾಲ್ಕೂವರೆ ಗಂಟೆಯ ಗಡುವಿದೆ.

ಪ್ರಶ್ನೆ: ನಾನು ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ನರ್ಸ್. ರಾತ್ರಿ ಬರುವವರಲ್ಲಿ ಬಹಳ ಮಂದಿ ವಾರದ ಕೆಮ್ಮು, ತಿಂಗಳ ಸೊಂಟನೋವು, ತುರಿಕಜ್ಜಿ ತೋರಿಸಲು ಬರುತ್ತಾರೆ. ಸೂಜಿ ಹಾಕದಿದ್ದರೆ ಜಗಳ. ದಯವಿಟ್ಟು ಈ ಬಗ್ಗೆ ಬರೆಯಿರಿ.
(ಊರು ಬೇಡ)

ಉತ್ತರ: ಬರೆಯುತ್ತೇನೆ ತಂಗಿ. ನಾನೂ ಇಂಥ ರಾತ್ರಿ ಪಾಳಿಗಳನ್ನು ಮಾಡಿದವನು. ಒಂದು ರಾತ್ರಿ ಕ್ಯಾಶುಯಲ್ಟಿಯ ಬಾಗಿಲಲ್ಲಿ ಇಪ್ಪತ್ತು ಜನ ನಿಂತಿದ್ದರು, ಹೆಚ್ಚಿನವರದು ನೆಗಡಿ, ಮೈಕೈನೋವು. ಅವರ ಹಿಂದೆ ಹೆರಿಗೆಯಾಗಿ ರಕ್ತ ನಿಲ್ಲದ ಒಬ್ಬ ಹೆಣ್ಣುಮಗಳನ್ನು ಆಟೋದಲ್ಲಿ ತಂದಿದ್ದರು. ಅವಳ ಮನೆಯವರು ಬಡವರು, ದನಿ ಎತ್ತುವ ಧೈರ್ಯ ಇರಲಿಲ್ಲ. ಜಗಳವಾಡುತ್ತಿದ್ದವರನ್ನು ಸಮಾಧಾನ ಮಾಡಿ ನಾನು ಹೊರಬರುವಷ್ಟರಲ್ಲಿ ಅವಳ ನಾಡಿ ಕೈಗೆ ಸಿಗುತ್ತಿರಲಿಲ್ಲ. ರಕ್ತ ಕೊಟ್ಟು ಮೈಸೂರಿಗೆ ಸಾಗಿಸಿದೆವು, ಉಳಿದಳು. ಆ ರಾತ್ರಿ ನನ್ನ ಮನಸ್ಸಿನಿಂದ ಹೋಗಿಲ್ಲ.

ಹಾಗಂತ ರಾತ್ರಿ ಬರುವವರನ್ನು ಬಯ್ದರೆ ಪ್ರಯೋಜನವಿಲ್ಲ. ಹಗಲು ಆಸ್ಪತ್ರೆಗೆ ಬಂದರೆ ಒಂದು ದಿನದ ಕೂಲಿ ಹೋಗುತ್ತದೆ. ನಾಟಿ, ಕೊಯ್ಲಿನ ದಿನಗಳಲ್ಲಿ ಅದು ಸಣ್ಣ ನಷ್ಟವಲ್ಲ. ವಾರಕ್ಕೆ ಎರಡು ಸಂಜೆಯಾದರೂ ಆರೋಗ್ಯ ಕೇಂದ್ರಗಳಲ್ಲಿ ಹೊರರೋಗಿಗಳನ್ನು ನೋಡುವ ಏರ್ಪಾಡು ಆದರೆ ರಾತ್ರಿಯ ಅರ್ಧ ಗುಂಪು ಕರಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಅಲ್ಲಿಯ ತನಕ ಓದುಗರಲ್ಲಿ ಕೇಳುವುದು ಇಷ್ಟು: ತುರ್ತು ಘಟಕದಲ್ಲಿ ಮೊದಲು ಬಂದವರನ್ನಲ್ಲ, ಮೊದಲು ಸಾಯಬಹುದಾದವರನ್ನು ನೋಡುತ್ತಾರೆ. ನಿಮ್ಮನ್ನು ಕಾಯಿಸಿದರೆ ನಿಮ್ಮ ಜೀವಕ್ಕೆ ಅಪಾಯವಿಲ್ಲ ಎಂದರ್ಥ. ಸೂಜಿಯಲ್ಲಿ ಹೋಗುವ ಔಷಧಿ ಮಾತ್ರೆಗಿಂತ ಬಲವಾದದ್ದೇನಲ್ಲ. ಹೋಗಬೇಕೋ ಬೇಡವೋ ತಿಳಿಯದಿದ್ದರೆ 104ಕ್ಕೆ ಫೋನ್ ಮಾಡಿ, ಅದು ಆರೋಗ್ಯ ಇಲಾಖೆಯ ಉಚಿತ ಸಹಾಯವಾಣಿ. ಮನಸ್ಸಿನ ಗಾಬರಿಯಿಂದ ನಿದ್ದೆ ಬಾರದವರಿಗೆ ಟೆಲಿ ಮಾನಸ್‌ನ 14416 ಇದೆ.

ಪ್ರಶ್ನೆ: ನನಗೆ 46 ವರ್ಷ, ಸಕ್ಕರೆ ಕಾಯಿಲೆ ಇದೆ. ಊಟ ಮಾಡಿ ಮಲಗಿದರೆ ಎದೆಯುರಿ. ಗ್ಯಾಸ್ ಅಂತ ಎಲ್ಲರೂ ಹೇಳ್ತಾರೆ. ಹಾಸನದ ಹೃದಯಾಘಾತದ ಸಾವುಗಳ ಸುದ್ದಿ ನೋಡಿದ ಮೇಲೆ ಭಯ. ಸುಮ್ಮನೆ ಆಸ್ಪತ್ರೆಗೆ ಹೋಗಿ ತೊಂದರೆ ಕೊಟ್ಟಂತಾಗುತ್ತಾ?
(ಕೆ.ಆರ್. ನಗರ)

ಉತ್ತರ: ಇಲ್ಲ ಸ್ವಾಮಿ. ಎದೆಯ ವಿಷಯದಲ್ಲಿ ‘ಸುಮ್ಮನೆ ಬಂದಿರಿ’ ಎಂದು ಯಾರೂ ಅನ್ನಕೂಡದು. ಹುಳಿತೇಗಿನ ಜೊತೆ ಬಂದು, ಎದ್ದು ಕೂತರೆ ಕಡಿಮೆಯಾಗುವ ಉರಿ ಹೊಟ್ಟೆಯದಿರಬಹುದು. ಎದೆ ಹಿಂಡಿದಂತಾಗಿ 15 ನಿಮಿಷವಾದರೂ ಬಿಡದಿದ್ದರೆ, ತಣ್ಣನೆ ಬೆವರು, ಏದುಸಿರು, ಎಡತೋಳಿಗೋ ದವಡೆಗೋ ಹರಿಯುವ ನೋವು ಇದ್ದರೆ ಗ್ಯಾಸಿನ ಪುಡಿ ಕಲಸುತ್ತಾ ಕೂರಬೇಡಿ. ಸಕ್ಕರೆ ಕಾಯಿಲೆಯವರಿಗೆ ಹೃದಯಾಘಾತದಲ್ಲೂ ನೋವು ಕಾಣದೆ, ಬರೀ ಸುಸ್ತು, ಬೆವರು ಇರಬಹುದು. ಬೈಕಿನಲ್ಲಿ ಹೋಗದೆ 108 ಆಂಬುಲೆನ್ಸ್ ಕರೆಯಿರಿ, ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಆ ಇಸಿಜಿ ದೊಡ್ಡಾಸ್ಪತ್ರೆಯ ಹೃದ್ರೋಗ ತಜ್ಞರಿಗೆ ಹೋಗುತ್ತದೆ, ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ.

ಹಾಸನದ ಭಯದ ಬಗ್ಗೆಯೂ ಹೇಳಿಬಿಡುತ್ತೇನೆ. 2025ರ ಜುಲೈನಲ್ಲಿ ಆ ಸುದ್ದಿಗಳು ಹಬ್ಬಿದಾಗ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಏನೂ ತೊಂದರೆಯಿಲ್ಲದವರೂ ಬೆಳಗಾಗುವ ಮೊದಲೇ ಸಾಲು ನಿಂತರು. ಗಾಬರಿಯಾಗಬೇಡಿ ಎಂದು ಆಸ್ಪತ್ರೆಯವರೇ ವಿನಂತಿಸಬೇಕಾಯಿತು. ಆಗ ಜಯದೇವ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದ ಸಮಿತಿ ವಿಚಾರಿಸಿ, ಅಂಥ ಸಾವುಗಳಲ್ಲಿ ಅಸಹಜ ಏರಿಕೆ ಕಾಣಲಿಲ್ಲ ಎಂದು ವರದಿ ಕೊಟ್ಟಿತು. ನೋವಿಲ್ಲದಾಗ ತೆಗೆಸಿದ ಒಂದು ಇಸಿಜಿ ಮುಂದಿನ ವರ್ಷಕ್ಕೆ ಭರವಸೆ ಪತ್ರವಲ್ಲ. ನಿಮ್ಮ ಸಕ್ಕರೆ, ಬಿ.ಪಿ., ಕೊಲೆಸ್ಟರಾಲ್ ಹತೋಟಿಯಲ್ಲಿಡಿ. ಈ ಎದೆಯುರಿಯನ್ನು ಇದೇ ವಾರ, ಹಗಲಲ್ಲಿ ತೋರಿಸಿ.

ಪ್ರಶ್ನೆ: ನಾವು ಕಾಡಂಚಿನವರು. ಹೋದ ಮಳೆಗಾಲ ನಮ್ಮ ಚಿಕ್ಕಪ್ಪ ನೆಲದ ಮೇಲೆ ಮಲಗಿದ್ದಾಗ ನಡುರಾತ್ರಿ ಕಾಲಿಗೆ ಏನೋ ಚುಚ್ಚಿತು ಅಂದರು. ಗಾಯ ಕಾಣಲಿಲ್ಲ, ನೋವಿರಲಿಲ್ಲ. ಹಿಂದೊಮ್ಮೆ ಸುಮ್ಮನೆ ಹೋಗಿ ಬೈಸಿಕೊಂಡಿದ್ದರಿಂದ ಬೆಳಗ್ಗೆ ನೋಡೋಣ ಅಂದೆವು. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಎತ್ತೋಕಾಗಲಿಲ್ಲ. ದಾರಿಯಲ್ಲೇ ಹೋಗಿಬಿಟ್ಟರು. ನಾವು ಮಾಡಿದ್ದು ತಪ್ಪಾ?
(ಅಂತರಸಂತೆ ಕಡೆ, ಎಚ್.ಡಿ. ಕೋಟೆ ತಾಲ್ಲೂಕು)

ಉತ್ತರ: ನಿಮ್ಮ ಪತ್ರ ಓದಿ ಬಹಳ ಹೊತ್ತು ಸುಮ್ಮನೆ ಕುಳಿತೆ. ತಪ್ಪು ನಿಮ್ಮದಲ್ಲ. ನೀವು ಬರೆದಿರುವುದು ಕಟ್ಟುಹಾವಿನ ಕಡಿತದ ಲಕ್ಷಣ. ಅದು ಕಚ್ಚುವುದು ರಾತ್ರಿ, ಹೆಚ್ಚಾಗಿ ನೆಲದ ಮೇಲೆ ಮಲಗಿದವರನ್ನು. ಊತವಿಲ್ಲ, ನೋವಿಲ್ಲ, ಹಲ್ಲಿನ ಗುರುತೂ ಕಾಣದೆ ಇರಬಹುದು. ವಿಷ ನರಗಳಿಗೆ ಏರಿ ಮೊದಲು ರೆಪ್ಪೆ ಬೀಳುತ್ತದೆ, ಆಮೇಲೆ ನುಂಗಲಾಗುವುದಿಲ್ಲ, ಕೊನೆಗೆ ಉಸಿರು ನಿಲ್ಲುತ್ತದೆ.

ಈ ಅಂಕಣದಲ್ಲಿ ಬೆಳಗಿನ ತನಕ ಕಾಯಿರಿ ಎಂದು ನಾನು ಬರೆದದ್ದು ಯಾವುದೂ ಹಾವಿಗೆ ಅನ್ವಯಿಸದು. ಕತ್ತಲಲ್ಲಿ ಏನೋ ಚುಚ್ಚಿತೆಂಬ ಅನುಮಾನ ಸಾಕು. ಕೊಯ್ಯಬೇಡಿ, ಹಗ್ಗ ಬಿಗಿಯಬೇಡಿ, ನಾಟಿ ಔಷಧಿ ಹುಡುಕುತ್ತಾ ಹೊತ್ತು ಕಳೆಯಬೇಡಿ. ಹಾವನ್ನು ಹಿಡಿದು ತರುವುದೂ ಬೇಡ. ಕಾಲು ಅಲುಗದಂತೆ ದಬ್ಬೆ ಕಟ್ಟಿ, ನಡೆಸದೆ, ವಿಷನಿರೋಧಕ ಚುಚ್ಚುಮದ್ದು ಇರುವ ತಾಲ್ಲೂಕು ಆಸ್ಪತ್ರೆಗೆ ತನ್ನಿ. ಹಾವು ಕಡಿತದ ಪ್ರತಿ ಪ್ರಕರಣವನ್ನೂ ವರದಿ ಮಾಡಬೇಕೆಂದು ಕರ್ನಾಟಕ ಸರ್ಕಾರ 2024ರಲ್ಲೇ ಕಡ್ಡಾಯ ಮಾಡಿದೆ, ಆದ್ದರಿಂದ ಆಸ್ಪತ್ರೆಯಲ್ಲಿ ಇದನ್ನು ಹಗುರವಾಗಿ ಕಾಣುವಂತಿಲ್ಲ. ಮನೆಯಲ್ಲಿ ಎಲ್ಲರೂ ಮಂಚದ ಮೇಲೆ, ಅಂಚು ಒಳಗೆ ಸಿಕ್ಕಿಸಿದ ಸೊಳ್ಳೆಪರದೆಯೊಳಗೆ ಮಲಗಿ.

ರಾತ್ರಿ ಪಾಳಿಯಲ್ಲಿರುವ ನನ್ನ ಸಹೋದ್ಯೋಗಿಗಳಲ್ಲಿ ಕೈಮುಗಿದು ಕೇಳುತ್ತೇನೆ: ಸಣ್ಣ ಕಾಯಿಲೆಗೆ ಬಂದವರಿಗೂ ತಿಳಿಸಿ ಹೇಳಿ ಕಳಿಸಿ, ಬೈದು ಕಳಿಸಬೇಡಿ. ಬೈಸಿಕೊಂಡವರು ಮುಂದಿನ ಸಲ ಬರುವುದಿಲ್ಲ.