ಅಜ್ಜಿ ಹೆಣೆದ ಶಾಲು ಬೀರುವಿನಲ್ಲೇ ಉಳಿದಾಗ

ಪ್ರಶ್ನೆ: ಸಕಲೇಶಪುರ ತಾಲ್ಲೂಕಿನ ಹೆಗ್ಗದ್ದೆ ಕಡೆಯವಳು ನಾನು. ವಯಸ್ಸು 64. ಯಜಮಾನರು ಹೋಗಿ ಮೂರು ವರ್ಷವಾಯಿತು. ಇರುವ ಸ್ವಲ್ಪ ಕಾಫಿ ತೋಟವನ್ನು ಮೈದುನನ ಮಗ ನೋಡಿಕೊಳ್ಳುತ್ತಾನೆ. ನನ್ನ ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ನಮ್ಮಲ್ಲಿ ಮಳೆಗಾಲದಲ್ಲಿ ಹೊರಗೆ ಕಾಲಿಡುವ ಹಾಗಿಲ್ಲ, ಮಳೆ ನಿಂತರೆ ಆನೆ ಭಯ. ಸಂಜೆ ಆರಕ್ಕೆಲ್ಲ ಬಾಗಿಲು ಹಾಕಿಕೊಂಡು ಕ್ರೋಶಾ ಕಡ್ಡಿ ಹಿಡಿದು ಕೂರುತ್ತೇನೆ. ಎಲ್ಲರಿಗೂ ಒಂದೊಂದು ಶಾಲು ಹೆಣೆದಿಟ್ಟು, ಡಿಸೆಂಬರ್ ರಜೆಗೆ ಬಂದಾಗ ಕೊಡುತ್ತೇನೆ. ಹೋದ ತಿಂಗಳು ಕಣ್ಣು ತೋರಿಸಿಕೊಳ್ಳಲು ಬೆಂಗಳೂರಿಗೆ ಹೋಗಿದ್ದೆ. ಟವೆಲ್ ಹುಡುಕಿ ಬೀರು ತೆಗೆದರೆ ಮೂರು ವರ್ಷದ ಶಾಲುಗಳೂ ನಾನು ಕೊಟ್ಟ ಕವರಿನಲ್ಲೇ ಇದ್ದವು. ಒಂದು ಮಾತ್ರ ಕೆಲಸಕ್ಕೆ ಬರುವ ಹೆಂಗಸಿನ ಹೆಗಲ ಮೇಲಿತ್ತು. ಸೊಸೆ ಕೆಟ್ಟ ಮಾತೇನೂ ಆಡಲಿಲ್ಲ. "ಅತ್ತೆ, ಕಣ್ಣು ನೋಯಿಸ್ಕೊಂಡು ಇಷ್ಟು ಕಷ್ಟ ಯಾಕೆ ಪಡ್ತೀರಿ" ಅಂದಳು. ಅಷ್ಟಕ್ಕೇ ನನ್ನ ಗಂಟಲು ಕಟ್ಟಿತು. ಹನ್ನೊಂದು ವರ್ಷದ ಮೊಮ್ಮಗಳಿಗೆ ಇದನ್ನು ಕಲಿಸಬೇಕೆಂದು ಆಸೆ. ಹೋದ ರಜೆಯಲ್ಲಿ ಎರಡು ಸಾಲು ಹಾಕಿ ಫೋನ್ ಹಿಡಿದು ಕೂತಳು, ನಾನೂ ಗದರಿಬಿಟ್ಟೆ. ಈ ವರ್ಷವೂ ಉಲ್ಲನ್ ತರಿಸಿಟ್ಟಿದ್ದೇನೆ, ಕೈ ಏಳುತ್ತಿಲ್ಲ. ಕಡ್ಡಿ ಹಿಡಿಯದಿದ್ದರೆ ಸಂಜೆ ಕಳೆಯುವುದಿಲ್ಲ, ಹಿಡಿದರೆ ಯಾರಿಗೆ ಬೇಕು ಇದು ಅನ್ನಿಸುತ್ತದೆ. ಏನು ಮಾಡಲಿ?
- ಹೆಸರು ಬೇಡ, ಹೆಗ್ಗದ್ದೆ

ಉತ್ತರ: ಅಮ್ಮಾ, ಇಷ್ಟು ಸಣ್ಣ ವಿಷಯಕ್ಕೆ ಬೇಜಾರು ಮಾಡಿಕೊಂಡೆನಲ್ಲ ಎಂದು ನಿಮಗೆ ನಿಮ್ಮ ಮೇಲೇ ಮುಜುಗರವಿರುವಂತೆ ಕಾಣುತ್ತದೆ. ಹೆಸರು ಬೇಡ ಎಂದು ಬರೆದಿರುವುದೂ ಅದಕ್ಕೇ ಇರಬಹುದು. ಮೊದಲು ಆ ಮುಜುಗರ ಬಿಡಿ. ದೊಡ್ಡವರು ಹೊದೆಯುವ ಒಂದು ಶಾಲಿಗೆ ಹೆಚ್ಚುಕಡಿಮೆ ಅರ್ಧ ಕೆಜಿ ಉಲ್ಲನ್ ಬೇಕು, ಸಾವಿರಗಟ್ಟಲೆ ಹೆಣಿಗೆ ಬೀಳಬೇಕು. ಸ್ವೆಟರನ್ನು ಯಂತ್ರವೂ ಹೆಣೆಯುತ್ತದೆ. ಕ್ರೋಶಾ ಮಾತ್ರ ಇವತ್ತಿಗೂ ಕೈಯ ಕೆಲಸವಾಗಿಯೇ ಉಳಿದಿದೆ. ಅಂಥದ್ದನ್ನು ಮಡಿಕೆ ಬಿಚ್ಚದ ಕವರಿನಲ್ಲಿ ಕಂಡರೆ ಯಾರಿಗಾದರೂ ಗಂಟಲು ಕಟ್ಟುತ್ತದೆ.

ನಿಮ್ಮ ನೋವು ಶಾಲಿನದ್ದಷ್ಟೇ ಅಲ್ಲ ಎಂದು ನನಗನ್ನಿಸುತ್ತದೆ. ಯಜಮಾನರು ಹೋಗಿ ಮೂರು ವರ್ಷ, ಬೀರುವಿನಲ್ಲಿದ್ದದ್ದೂ ಮೂರು ವರ್ಷದ ಶಾಲುಗಳು. ಎರಡನ್ನೂ ನೀವೇ ಬರೆದಿದ್ದೀರಿ, ಆದರೆ ಒಂದರ ಪಕ್ಕ ಇನ್ನೊಂದನ್ನು ಇಟ್ಟು ನೋಡಿಲ್ಲ. ಮೊದಲು ಸಂಜೆ ಹೊತ್ತು ಅವರ ಜೊತೆ ತೋಟದ ಮಾತು, ಮಳೆಯ ಮಾತು, ಕಾಫಿ ರೇಟಿನ ಮಾತು ನಡೆಯುತ್ತಿದ್ದಿರಬೇಕು. ಆ ಮಾತು ನಿಂತ ಜಾಗಕ್ಕೆ ಕಡ್ಡಿ ಬಂತು. ಒಬ್ಬರೇ ಕೂತು ದುಃಖವನ್ನು ಕೈಗೆ ದಾಟಿಸಿದಿರಿ. ಕವರಿನಲ್ಲಿ ಕಂಡದ್ದು ಬರೀ ಉಲ್ಲನ್ ಅಲ್ಲ, ನಿಮ್ಮ ಮೂರು ವರ್ಷದ ಸಂಜೆಗಳು. ನೋವು ಅಷ್ಟು ಆಳಕ್ಕೆ ಇಳಿದದ್ದು ಸಹಜ.

ಆದರೆ ಇದು ಬೆಂಗಳೂರಿನವರಿಗೆ ಗೊತ್ತಿಲ್ಲ. ನೀವು ಹೇಳಿಲ್ಲ, ಅವರೂ ಕೇಳಿಲ್ಲ. ಅವರ ಕೈಗೆ ಬಂದದ್ದು ಒಂದು ದಪ್ಪ ಶಾಲು, ಅಷ್ಟೆ.

ಅವರ ಕಡೆಯಿಂದಲೂ ಒಂದು ಗಳಿಗೆ ನೋಡೋಣ. ಘಟ್ಟದ ಅಂಚಿನ ನಿಮ್ಮೂರಿನಲ್ಲಿ ಡಿಸೆಂಬರ್ ಬೆಳಗ್ಗೆ ಶಾಲಿಲ್ಲದೆ ಅಂಗಳಕ್ಕೆ ಇಳಿಯುವ ಹಾಗಿಲ್ಲ. ಬೆಂಗಳೂರಿನಲ್ಲಿ ಒಂಬತ್ತು ಗಂಟೆಗೆಲ್ಲ ಬಿಸಿಲು ಚುರುಗುಡುತ್ತದೆ, ಬಸ್ಸಿನಲ್ಲೋ ಮೆಟ್ರೋದಲ್ಲೋ ಜನರ ನಡುವೆ ನಿಂತರೆ ಉಲ್ಲನ್ ಬೇಡವೇ ಬೇಡ. ಒಗೆಯುವ ತಲೆನೋವು ಬೇರೆ. ಕುರಿಯ ಉಣ್ಣೆಯನ್ನು ಬಿಸಿನೀರಿನ ಮಿಷನ್ನಿಗೆ ಹಾಕಿದರೆ ಕುಗ್ಗಿ ಗಟ್ಟಿಯಾಗುತ್ತದೆ. ಅಂಗಡಿಯಲ್ಲಿ ಸಿಗುವ ಅಕ್ರಿಲಿಕ್ ಉಲ್ಲನ್ ಇಸ್ತ್ರಿ ತಾಗಿದರೆ ಜೋಲುಬಿದ್ದು ಹಾಳಾಗುತ್ತದೆ. ಅತ್ತೆ ಕೈಯಾರೆ ಹೆಣೆದದ್ದು ಹಾಳಾದರೆ ಏನು ಗತಿ ಎಂಬ ಹೆದರಿಕೆಗೇ ಎತ್ತಿಟ್ಟಿರಲೂಬಹುದು. ಹಾಗೇ ಎಂದು ನಾನು ಹೇಳುತ್ತಿಲ್ಲ. ನೀವು ಕೇಳುವವರೆಗೆ ಇಬ್ಬರಿಗೂ ಗೊತ್ತಾಗುವುದಿಲ್ಲ.

ಸೊಸೆಯ ಮಾತನ್ನೂ ಇನ್ನೊಮ್ಮೆ ಕೇಳಿಸಿಕೊಳ್ಳಿ. ನೀವು ಅಲ್ಲಿಗೆ ಹೋದದ್ದೇ ಕಣ್ಣು ತೋರಿಸಲು. ಆ ಹೊತ್ತಿನಲ್ಲಿ ಆಕೆ ಕಣ್ಣಿನ ಮಾತೆತ್ತಿದ್ದು ಕಾಳಜಿಯಿಂದಲೇ ಇರಬೇಕು. ಅದು ಯಾಕೆ ಚುಚ್ಚಿತು ಅಂದರೆ, ನಿಮ್ಮನ್ನು ಇಷ್ಟು ದಿನ ಎತ್ತಿ ನಿಲ್ಲಿಸಿದ ಕೆಲಸವನ್ನು ಆಕೆ 'ಕಷ್ಟ' ಅಂದಳು. ಆಕೆಗೆ ಅದು ಕಷ್ಟ, ನಿಮಗೆ ಅದೇ ಆಸರೆ. ಇದನ್ನು ಜಗಳವಿಲ್ಲದೆ ಹೇಳಬಹುದು: "ಕಷ್ಟ ಅಲ್ಲಮ್ಮ, ಸಂಜೆ ಹೊತ್ತು ನನಗೆ ಅದೇ ಜೊತೆ."

ಕೆಲಸದ ಹೆಂಗಸಿಗೆ ಕೊಟ್ಟ ಶಾಲಿನ ಬಗ್ಗೆ ನನ್ನ ಅಭಿಪ್ರಾಯ ನಿಮಗೆ ಹಿಡಿಸದೆ ಹೋಗಬಹುದು, ಆದರೂ ಹೇಳುತ್ತೇನೆ. ನೀವು ಹೆಣೆದವುಗಳಲ್ಲಿ ಉಪಯೋಗಕ್ಕೆ ಬಂದಿರುವುದು ಅದೊಂದೇ. ಬೆಳಗಿನ ಜಾವದ ಚಳಿಯಲ್ಲಿ ಮನೆಮನೆಗೆ ಹೋಗುವ ಹೆಣ್ಣುಮಗಳ ಹೆಗಲಿಗೆ ಅದು ಬಿದ್ದಿದೆ. ನನ್ನನ್ನು ಒಂದು ಮಾತು ಕೇಳದೆ ಕೊಟ್ಟರಲ್ಲ ಎಂಬ ಬೇಸರ ಮಾತ್ರ ನ್ಯಾಯವಾದದ್ದೇ, ಅದನ್ನು ಮಗನಿಗೆ ಹೇಳುವ ಹಕ್ಕು ನಿಮಗಿದೆ.

ಈಗ ಸ್ವಲ್ಪ ಕಠಿಣವಾದ ಮಾತು. ಕೈಯಾರೆ ಮಾಡಿದ್ದನ್ನು ಕೊಡುವಾಗ ನಾವು ಎಷ್ಟೋ ಸಲ ಅದರೊಳಗೆ ಒಂದು ಬೇಡಿಕೆಯನ್ನೂ ಸುತ್ತಿ ಕೊಟ್ಟಿರುತ್ತೇವೆ. ನನ್ನನ್ನು ನೆನೆಸಿಕೊಳ್ಳಿ, ಬಂದು ಹೋಗಿ, ಇನ್ನೆರಡು ದಿನ ಇರಿ ಎನ್ನುವ ಬೇಡಿಕೆ. ಶಾಲು ಅವರಿಗೆ ಸಿಕ್ಕಿತು, ಬೇಡಿಕೆ ಮುಟ್ಟಲೇ ಇಲ್ಲ, ಯಾಕೆಂದರೆ ಅದನ್ನು ನೀವು ಬಾಯಿಬಿಟ್ಟು ಕೇಳಿಲ್ಲ. ಅವರು ಹೊದ್ದರೆ ಪ್ರೀತಿ ಇದೆ, ಹೊದೆಯದಿದ್ದರೆ ಇಲ್ಲ ಎಂದು ಲೆಕ್ಕ ಹಾಕಿದರೆ ಶಾಲಿಗೂ ಭಾರ, ಮಕ್ಕಳಿಗೂ ಭಾರ. ಎರಡನ್ನೂ ಬಿಡಿಸಿಡಿ. ಶಾಲು ಕೊಟ್ಟ ಮೇಲೆ ಅದು ಅವರದ್ದು. ಜೊತೆ ಬೇಕಾದರೆ ಜೊತೆಯನ್ನೇ ಕೇಳಿ: ವಾರಕ್ಕೊಮ್ಮೆ ಫೋನ್, ರಜೆಯಲ್ಲಿ ಇನ್ನೆರಡು ದಿನ. ಹೆತ್ತ ಮಕ್ಕಳ ಹತ್ತಿರ ಹೀಗೆ ಕೇಳುವುದು ಕೈಚಾಚುವುದಲ್ಲ.

ಹಾಗಾದರೆ ಈ ವರ್ಷ ತರಿಸಿಟ್ಟ ಉಲ್ಲನ್ ಏನಾಗಬೇಕು? ಎಲ್ಲರಿಗೂ ಹೆಣೆಯುವುದು ಬೇಡ. ಮೊದಲನೆಯದು ನಿಮಗೇ ಆಗಲಿ. ಇಷ್ಟು ಹೆಣೆದಿದ್ದರಲ್ಲಿ ನಿಮ್ಮದೆಂದು ಒಂದಾದರೂ ಇದೆಯೇ? ಪತ್ರದಲ್ಲಿ ಅದರ ಸುದ್ದಿಯಿಲ್ಲ. ಉಳಿದವರನ್ನು ಮೊದಲೇ ಕೇಳಿ, ಯಾವ ಬಣ್ಣ, ಎಲ್ಲಿ ಹಾಕಿಕೊಳ್ಳುತ್ತಾರೆ ಎಂದು. ಆಫೀಸಿನ ಎಸಿಗೆ ಹೆಗಲ ಮೇಲೆ ಹಾಕಿಕೊಳ್ಳಲು ಹತ್ತಿಯ ನೂಲಿನ ತೆಳುವಾದ ಚಿಕ್ಕ ಶಾಲು ಸೊಸೆಗೆ ಹಿಡಿಸಬಹುದು. ಹತ್ತಿಯಾದರೆ ಒಗೆಯುವುದೂ ಸಲೀಸು. ಬೇಡ ಅಂದರೆ ಬೇಡ. ಕೇಳಿ ತಿಳಿದ 'ಬೇಡ' ಬೀರುವಿನಲ್ಲಿ ಕಂಡ 'ಬೇಡ'ದಷ್ಟು ನೋಯಿಸುವುದಿಲ್ಲ.

ಮೊಮ್ಮಗಳ ವಿಷಯಕ್ಕೆ ಬರುತ್ತೇನೆ. ಅದಕ್ಕೂ ಮುಂಚೆ ಒಂದು ಪ್ರಶ್ನೆ. ಪತ್ರದಲ್ಲಿ ಇಬ್ಬರು ಮೊಮ್ಮಕ್ಕಳಿದ್ದಾರೆ, ಕಲಿಸುವ ಮಾತು ಬಂದಾಗ ಮಾತ್ರ ಒಬ್ಬಳೇ ಉಳಿದಳು. ಇನ್ನೊಬ್ಬ ಹುಡುಗನೇ? ಹುಡುಗನಾದರೆ ಅವನ ಕೈಗೂ ಒಂದು ಕಡ್ಡಿ ಕೊಡಿ. ಇದು ಹೆಣ್ಣುಮಕ್ಕಳ ಪಾಠ ಅನ್ನಿಸಿದ ಕೂಡಲೇ ಈಗಿನ ಹೆಣ್ಣುಮಕ್ಕಳು ಕಡ್ಡಿ ಕೆಳಗಿಡುತ್ತಾರೆ.

ಎರಡು ಸಾಲು ಹಾಕಿ ಬಿಟ್ಟಳು ಅಂದಿರಿ. ಹನ್ನೊಂದು ವರ್ಷದವಳಿಗೆ ಶಾಲೆಂದರೆ ಮುಗಿಯದ ಕೆಲಸ. ಚೌಕದಿಂದ ಶುರು ಮಾಡಿಸಿ. ನಡುವೆ ಐದಾರು ಚೈನಿನ ಒಂದು ಬಳೆ, ಅದರ ಸುತ್ತ ಮೂರು ಮೂರು ಹೆಣಿಗೆಯ ಗುಂಪು, ನಾಲ್ಕು ಮೂಲೆ. ಅಂಗೈಯಗಲದ ಚೌಕ ಒಂದೇ ಮಧ್ಯಾಹ್ನದಲ್ಲಿ ಮುಗಿದು 'ನಾನು ಮಾಡಿದ್ದು' ಎನ್ನಲು ಕೈಗೆ ಸಿಗುತ್ತದೆ. ಬಣ್ಣ ಅವಳೇ ಆರಿಸಲಿ, ಕಪ್ಪು ಮಾತ್ರ ಬೇಡ, ಕಲಿಯುವವರಿಗೆ ಅದರಲ್ಲಿ ಹೆಣಿಗೆ ಕಾಣುವುದಿಲ್ಲ. ದಪ್ಪ ಉಲ್ಲನ್, ಐದಾರು ಮಿಲಿಮೀಟರಿನ ಕಡ್ಡಿ ಇರಲಿ. ಎಡಗೈಯವಳಾದರೆ ಪಕ್ಕದಲ್ಲಿ ಕೂರಬೇಡಿ, ಎದುರು ಕೂತು ತೋರಿಸಿ, ಕನ್ನಡಿ ನೋಡಿದ ಹಾಗೆ ಕಲಿಯುತ್ತಾಳೆ. ತಪ್ಪಿದರೆ ನೀವು ಬಿಚ್ಚಬೇಡಿ, ಅವಳೇ ಎಳೆಯಲಿ. ಕ್ರೋಶಾದಲ್ಲಿ ಕಡ್ಡಿಯ ಮೇಲೆ ಸಾಮಾನ್ಯವಾಗಿ ಒಂದೇ ಕುಣಿಕೆ ಉಳಿಯುವುದರಿಂದ ಎಷ್ಟು ಬಿಚ್ಚಿದರೂ ಮತ್ತೆ ಅಲ್ಲಿಂದಲೇ ಹಿಡಿಯಬಹುದು, ಮಕ್ಕಳಿಗೆ ಈ ಬಿಚ್ಚುವುದೇ ಅರ್ಧ ಆಟ. ಫೋನನ್ನು ವೈರಿ ಮಾಡಿಕೊಳ್ಳಬೇಡಿ. ಅದರಲ್ಲಿ ಕ್ರೋಶಾದ ವಿಡಿಯೊಗಳು ಬೇಕಾದಷ್ಟಿವೆ. ನಿಮಗೆ ಬಾರದ ಒಂದು ಹೂವಿನ ಮಾದರಿಯನ್ನು ಅವಳು ಹುಡುಕಿ ನಿಮಗೆ ಕಲಿಸಲಿ. ಕಳೆದ ಸಲ ಗದರಿದ್ದು ಅವಳ ಮನಸ್ಸಿನಲ್ಲಿದ್ದರೆ ಅದೂ ಅಲ್ಲಿಗೆ ಕರಗುತ್ತದೆ.

ಹೊತ್ತು ಯಾವುದು ಎನ್ನುವುದೂ ಮುಖ್ಯ. ಡಿಸೆಂಬರಿನಲ್ಲಿ ನಿಮ್ಮಲ್ಲಿ ಅರೇಬಿಕಾ ಕುಯ್ಲು, ಬೆಳಗ್ಗೆಯೆಲ್ಲ ಆಳುಕಾಳು, ಊಟ-ಕಾಫಿ ಎಂದು ಮನೆಯಲ್ಲಿ ಗಡಿಬಿಡಿ. ಮಧ್ಯಾಹ್ನ ಕಣದಲ್ಲಿ ಕಾಫಿ ಹರವಿ ಕಾಯುವಾಗ ಬಿಸಿಲಿಗೆ ಬೆನ್ನು ಕೊಟ್ಟು ಅರ್ಧ ಗಂಟೆ ಕೂತರೆ ಸಾಕು. ನಾಳೆಗೂ ಇರಲಿ ಅನ್ನಿಸುವಾಗಲೇ ಎದ್ದುಬಿಡಿ. ದಿನಕ್ಕೊಂದು ಚೌಕ ಅವಳದ್ದು, ಎರಡು ನಿಮ್ಮದು, ಒಂದು ಅವರಪ್ಪನದ್ದೂ ಇರಲಿ, ಸೊಟ್ಟಗಿದ್ದರೂ ಪರವಾಗಿಲ್ಲ. ಎಲ್ಲ ಸೇರಿಸಿ ಹೊಲಿದರೆ ಒಂದು ಶಾಲು. ಇದೇ ಉಪಾಯವನ್ನು ಬಹಳ ದೊಡ್ಡದಾಗಿ ಮಾಡಿದವರಿದ್ದಾರೆ. 2016ರ ಜನವರಿ 31ರಂದು ಚೆನ್ನೈನಲ್ಲಿ 'ಮದರ್ ಇಂಡಿಯಾಸ್ ಕ್ರೋಶೆ ಕ್ವೀನ್ಸ್' ಬಳಗದ ಹೆಂಗಸರು ತಮ್ಮ ತಮ್ಮ ಮನೆಯಲ್ಲಿ ಕೂತು ಹೆಣೆದ ತುಂಡುಗಳನ್ನು ಜೋಡಿಸಿ 11,148.5 ಚದರ ಮೀಟರಿನ ಹೊದಿಕೆ ಮಾಡಿ ಗಿನ್ನೆಸ್ ದಾಖಲೆಗೆ ಸೇರಿದರು. ಅಂದರೆ ಹೆಚ್ಚುಕಡಿಮೆ ಎರಡೂ ಮುಕ್ಕಾಲು ಎಕರೆ. ಮೊಮ್ಮಕ್ಕಳಿಗೆ ಈ ಕಥೆ ಹೇಳಿ, ಮಕ್ಕಳಿಗೆ ದಾಖಲೆ ಅಂದರೆ ಕಿವಿ ನೆಟ್ಟಗಾಗುತ್ತದೆ.

ಇಷ್ಟಾಗಿಯೂ ಅವಳಿಗೆ ಹಿಡಿಸದಿದ್ದರೆ ಬಿಟ್ಟುಬಿಡಿ. ಅವಳಿಗೆ ನಿಮ್ಮ ಹತ್ತಿರ ಅಕ್ಕಿ ರೊಟ್ಟಿ ತಟ್ಟುವುದನ್ನು ಕಲಿಯುವ ಆಸೆ ಇರಬಹುದು, ತಾತನ ಕಥೆ ಕೇಳುವ ಆಸೆ ಇರಬಹುದು. ಕಲಿಯುವ ಆಸೆಯಿರುವವರು ಊರಿನಲ್ಲೂ ಸಿಗುತ್ತಾರೆ. ಸ್ತ್ರೀಶಕ್ತಿ ಸಂಘದ ಸಭೆಗೆ ಹೋಗುವಾಗ ಕಡ್ಡಿ, ಉಲ್ಲನ್ ಚೀಲದಲ್ಲಿರಲಿ. ತೋಟದ ಕೆಲಸದವರ ಲೈನ್ ಮನೆಯ ಮಕ್ಕಳು ಭಾನುವಾರ ಮಧ್ಯಾಹ್ನ ನಿಮ್ಮ ಜಗಲಿಗೆ ಬಂದರೆ ಕೂರಿಸಿಕೊಳ್ಳಿ. ಬೆಳಕಿರುವಾಗಲೇ ಮುಗಿಸಿ ಅವರನ್ನು ಮನೆಗೆ ಕಳಿಸಬೇಕು, ಆನೆಯ ವಿಷಯ ನಾನು ನಿಮಗೆ ಹೇಳಬೇಕಾಗಿಲ್ಲ.

ಒಂದು ಮಾತನ್ನು ಹಗುರವಾಗಿ ಬಿಡಲಾರೆ. 'ಕೈ ಏಳುತ್ತಿಲ್ಲ, ಸಂಜೆ ಕಳೆಯುವುದಿಲ್ಲ' ಎಂದು ಬರೆದಿದ್ದೀರಿ. ಎರಡು ವಾರಕ್ಕಿಂತ ಹೆಚ್ಚು ದಿನ, ದಿನದ ಬಹುಪಾಲು ಮನಸ್ಸು ಕುಗ್ಗಿಯೇ ಇದ್ದರೆ, ನಿದ್ದೆ ಊಟ ಕೆಟ್ಟಿದ್ದರೆ, ಯಾವುದರಲ್ಲೂ ಆಸಕ್ತಿ ಹುಟ್ಟದಿದ್ದರೆ, ಬದುಕಿ ಏನು ಪ್ರಯೋಜನ ಎಂಬ ಯೋಚನೆ ಒಮ್ಮೆ ಬಂದಿದ್ದರೂ, ಅದಕ್ಕೆ ಕ್ರೋಶಾ ಮದ್ದಲ್ಲ. ಅದು ಖಿನ್ನತೆ ಇರಬಹುದು, ಚಿಕಿತ್ಸೆಯಿಂದ ಗುಣವಾಗುತ್ತದೆ. 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, 2022ರ ಅಕ್ಟೋಬರಿನಲ್ಲಿ ಶುರುವಾದದ್ದು. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ನೇರವಾಗಿ ತೋರಿಸುವುದಾದರೆ ಸಕಲೇಶಪುರದ ಸರ್ಕಾರಿ ಆಸ್ಪತ್ರೆಯಲ್ಲಿ ಮನೋಚೈತನ್ಯ ಎಂಬ ಮಾನಸಿಕ ಆರೋಗ್ಯ ಕಾರ್ಯಕ್ರಮದ ದಿನ ಯಾವುದೆಂದು ವಿಚಾರಿಸಿ, ಹಾಸನದ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಹೆಣೆಯುವಾಗ ಬೆರಳು ಜುಮ್ಮೆಂದರೆ, ಮಣಿಕಟ್ಟು ನೋಯುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ.

ಇದನ್ನು ಓದುತ್ತಿರುವ ಮಗ, ಮಗಳು, ಸೊಸೆ, ಅಳಿಯಂದಿರಿಗೂ ಒಂದು ಮಾತು. ನಿಮ್ಮ ಬೀರುವಿನಲ್ಲೂ ಇಂಥದ್ದೊಂದು ಕವರ್ ಇದ್ದೀತು. ದಿನಾ ಹಾಕಿಕೊಳ್ಳಬೇಕಾಗಿಲ್ಲ. ಒಂದು ಸಲ ಹೊದ್ದು ಫೋಟೊ ತೆಗೆದು ಕಳಿಸಿ. ಬೇಡವಾಗಿದ್ದರೆ 'ಇನ್ನು ಬೇಡ' ಅನ್ನುವ ಬದಲು 'ಇದರ ಬದಲು ಇದು ಮಾಡಿಕೊಡಮ್ಮ' ಅನ್ನಿ.

ಅಮ್ಮಾ, ಈ ಭಾನುವಾರವೇ ಮಗನಿಗೆ ಫೋನ್ ಮಾಡಿ. ಶಾಲಿನ ಮಾತು ಆಮೇಲೆ ಎತ್ತಿದರಾಯಿತು, ಮೊದಲು ಡಿಸೆಂಬರಿನಲ್ಲಿ ಎಷ್ಟು ದಿನ ಇರುತ್ತೀರಿ ಎಂದು ಕೇಳಿ. ಎರಡೇ ದಿನ ಅಂದರೆ, ನಾಲ್ಕು ದಿನ ಇರಿ ಅನ್ನಿ.